ಗೋಲು ಕಾಯುವವನ ರೊಟ್ಟಿ

ಎಲ್ದಿಯಾರ್ ರೊಟ್ಟಿಯನ್ನು ಪೂರ್ತಿ ತಿಂದುಬಿಟ್ಟನೆಂಬ ಸುದ್ದಿ ಬಂದಾಗ ಕೋಚ್ ಎಸೆನ್‌ಗುಲ್ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆಯುತ್ತಿದ್ದ. ಸುದ್ದಿ ತಂದವಳು ಪಕ್ಕದ ಮನೆಯ ಗುಲ್ಸುನ್. ಆ ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಗುಲ್ಸುನ್‌ಗೆ ಗೊತ್ತಾಗಿ, ಆಮೇಲೆ ಹಾಲಿಟ್ಟವಳಿಗೆ ಗೊತ್ತಾಗುತ್ತಿತ್ತು.

"ಅರ್ಧ ಅಲ್ಲ, ಮುಕ್ಕಾಲಲ್ಲ, ಪೂರ್ತಿ," ಎಂದಳು ಗುಲ್ಸುನ್. "ಅಂಚು ಕೂಡ ಬಿಟ್ಟಿಲ್ಲ. ಬುರುಲ್ಚಾ ಅಜ್ಜಿ ಬಾಗಿಲಿಗೆ ಅಡ್ಡ ಕೂತಿದ್ದಾರೆ. ಮೊಮ್ಮಗನ್ನ ಕಳಿಸಲ್ವಂತೆ."

ಕತ್ತಿ ಎಸೆನ್‌ಗುಲ್‌ನ ಕೆನ್ನೆಯ ಮೇಲೆ ಕೆಂಪು ಗೆರೆಯೊಂದನ್ನು ಎಳೆಯಿತು. ಅವನು ಅರ್ಧ ಗಡ್ಡವನ್ನು ಹಾಗೆಯೇ ಬಿಟ್ಟು, ಮೀಸೆಯ ಮೇಲಿನ ಸೋಪು ಒರೆಸಿಕೊಂಡು, ತುಪ್ಪಳದ ಟೊಪ್ಪಿ ಹುಡುಕತೊಡಗಿದ.

ದೂರದ ಪ್ರಯಾಣಕ್ಕೆ ಹೊರಟವನು ಮನೆಯಲ್ಲಿ ಸುಟ್ಟ ರೊಟ್ಟಿಯನ್ನು ಒಂದೇ ಒಂದು ತುತ್ತು ಕಚ್ಚಿ ಇಟ್ಟು ಹೋಗಬೇಕು. ಉಳಿದದ್ದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಗೋಡೆಯ ಮೊಳೆಗೆ ತೂಗು ಹಾಕುತ್ತಾರೆ. ತನ್ನ ಪಾಲಿನ ಅನ್ನ ಮನೆಯಲ್ಲಿ ಬಾಕಿ ಇದ್ದರೆ ಮನುಷ್ಯ ಎಲ್ಲಿದ್ದರೂ ಅದನ್ನು ಮುಗಿಸಲು ಬಂದೇ ಬರುತ್ತಾನೆ. ಪೂರ್ತಿ ತಿಂದು ಹೊರಟನೋ, ಆ ಮನೆಯ ಅನ್ನದ ಋಣ ತೀರಿತೆಂದೇ ಲೆಕ್ಕ. ಅಂಥವನನ್ನು ಯಾವ ಅಜ್ಜಿ ತಾನೇ ಹೊಸಿಲು ದಾಟಲು ಬಿಟ್ಟಾಳು?

ಬೇರೆ ಯಾವ ಹುಡುಗ ತಿಂದಿದ್ದರೂ ಎಸೆನ್‌ಗುಲ್ ಸಹಿಸಿಕೊಳ್ಳುತ್ತಿದ್ದ. ಆದರೆ ಎಲ್ದಿಯಾರ್ ಹದಿನೆಂಟರೊಳಗಿನ ಕಿರ್ಗಿಜ್ ಐಸ್ ಹಾಕಿ ತಂಡದ ಗೋಲು ಕಾಯುವವನು. ಇದ್ದದ್ದೇ ಅವನೊಬ್ಬ. ಇನ್ನೊಬ್ಬನಿದ್ದ, ಅವನು ರಷ್ಯಕ್ಕೆ ಹೋಗಿ ಮಾವನ ಗ್ಯಾರೇಜಿನಲ್ಲಿ ಕಾರಿನಡಿ ಮಲಗಿದ್ದ. ಸಂಜೆ ಬಸ್ಸು ಹತ್ತಿ ರಾಜಧಾನಿ, ಅಲ್ಲಿಂದ ವಿಮಾನ, ಮೂರನೆಯ ದಿನ ಮೊದಲ ಪಂದ್ಯ. ಈ ಸಲ ತಂಡ ಬರದಿದ್ದರೆ ಮುಂದಿನ ವರ್ಷ ತಂಡವೇ ಇಲ್ಲ ಎಂದು ಮೇಲಿನವರು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ತಂಡವಿಲ್ಲದಿದ್ದರೆ ಎಸೆನ್‌ಗುಲ್ ಕೂಡ ಇಲ್ಲ. ಮಂಜುಗಡ್ಡೆಯ ಮೇಲೆ ಅವನು ಅಷ್ಟೋ ಇಷ್ಟೋ ಮನುಷ್ಯ, ನೆಲದ ಮೇಲೆ ಯಾವ ಕೆಲಸವೂ ಬಾರದವನು.

ತಂಡದ ಭವಿಷ್ಯವೇನೆಂದು ಹಿಂದಿನ ದಿನ ತಾನೇ ರೇಡಿಯೋದವನೊಬ್ಬ ಕೇಳಿದ್ದ. ರಸ್ತೆಯಲ್ಲಿ ಹಿಮ ಕಡಿಮೆಯಿದೆ, ಬಸ್ಸು ಸರಿಯಾದ ಹೊತ್ತಿಗೆ ಹೋಗಬಹುದು ಎಂದು ಎಸೆನ್‌ಗುಲ್ ಹೇಳಿದ. ಅದಕ್ಕಿಂತ ಹೆಚ್ಚು ಹೇಳಿದರೆ ಸುಳ್ಳಾಗುತ್ತಿತ್ತು. ದೇಶದ ತಂಡವೆಂದರೆ ಈ ಊರಿನ ಎರಡು ಬೀದಿಗಳು, ಏಕೆಂದರೆ ಸರೋವರದ ಪಕ್ಕದ ಈ ಊರಿನಲ್ಲಿ ಮಾತ್ರ ಚಳಿಗಾಲವಿಡೀ ನಂಬಬಹುದಾದ ಮಂಜುಗಡ್ಡೆ ಇತ್ತು. ನಾಯಕ ಅಜಾತ್ ಗಾಳಿಯಂತೆ ಓಡುತ್ತಿದ್ದ, ಆದರೆ ನಿಲ್ಲಬೇಕಾದರೆ ಗೋಡೆಗೆ ಗುದ್ದಬೇಕಿತ್ತು. ರಕ್ಷಣೆಯ ಅವಳಿ ಹುಡುಗರು ಎದುರಾಳಿ ಬಂದಾಗ 'ನೀನು ಹೋಗು, ನೀನು ಹೋಗು' ಎಂದು ಒಬ್ಬರಿಗೊಬ್ಬರು ಮರ್ಯಾದೆ ಕೊಡುತ್ತಿದ್ದರು. ಹೋದ ವರ್ಷ ಬಿದ್ದ ಗೋಲುಗಳನ್ನು ತೋರಿಸಲು ಫಲಕದಲ್ಲಿ ಅಂಕಿಗಳು ಸಾಲದೆ ಅಲ್ಲಿನವರು ಸೀಮೆಸುಣ್ಣ ತಂದಿದ್ದರು. ಗೆಲ್ಲುವ ಹುಚ್ಚು ಎಸೆನ್‌ಗುಲ್‌ಗೆ ಎಂದೋ ಬಿಟ್ಟಿತ್ತು. ಒಂದೇ ಒಂದು ಪಂದ್ಯವನ್ನಾದರೂ ಹತ್ತು ಗೋಲಿನೊಳಗೆ ಸೋಲಬೇಕು, ಇಷ್ಟೇ ಅವನ ಜೀವನದ ಆಸೆ. ಅದೂ ಈಗ ಎಲ್ದಿಯಾರನ ಹೊಟ್ಟೆ ಸೇರಿತ್ತು.

ಬುರುಲ್ಚಾ ಅಜ್ಜಿ ಹೊಸಿಲ ಬಳಿ ಕಂಬಳಿ ಹಾಸಿಕೊಂಡು ಕೂತಿದ್ದರು. ಎಲ್ದಿಯಾರ್ ಒಲೆಯ ಪಕ್ಕ ತಲೆ ತಗ್ಗಿಸಿ ನಿಂತಿದ್ದ. ಒಳ್ಳೆಯ ಮೈಕಟ್ಟಿನ ಹುಡುಗ. ಅಡ್ಡ ನಿಂತರೆ ಗೋಲಿನ ಮುಕ್ಕಾಲು ಭಾಗ ತಾನಾಗಿ ಮುಚ್ಚಿಹೋಗುತ್ತದೆ ಎಂಬ ಕಾರಣಕ್ಕೇ ಎಸೆನ್‌ಗುಲ್ ಅವನನ್ನು ಆರಿಸಿಕೊಂಡಿದ್ದ. ಯಾಕೋ ಹೀಗೆ ಮಾಡಿದೆ ಎಂದು ಕೇಳಿದರೆ ಹಸಿವಾಗಿತ್ತು ಎಂದ.

ಎಸೆನ್‌ಗುಲ್ ದೇಶದ ಮಾನವೆಂದ, ಬಾವುಟವೆಂದ, ವಾರದೊಳಗೆ ತಾನೇ ಕರೆತಂದು ಮನೆಗೆ ಬಿಡುವೆನೆಂದ. ಅಜ್ಜಿ ಎಲ್ಲವನ್ನೂ ಕೇಳಿಸಿಕೊಂಡು, ಅವನಿಗೊಂದು ಬಟ್ಟಲು ಚಹಾ ಬಗ್ಗಿಸಿ ಕೊಟ್ಟರು.

"ನನ್ನ ತಮ್ಮ ಲಾರಿ ಹೊರಡ್ತು ಅಂತ ರೊಟ್ಟಿ ಕಚ್ಚದೇ ಹೋದ. ನಗ್ತಾ ಕೈ ಬೀಸಿ ಹೋದ. ಇವತ್ತಿಗೂ ಬಂದಿಲ್ಲ. ನಿನ್ನ ಬಾವುಟ ನನಗೆ ಬೇಡಪ್ಪ, ಹುಡುಗ ಬೇಕು."

ಅದಕ್ಕೆ ಯಾರೂ ಏನೂ ಹೇಳುವಂತಿರಲಿಲ್ಲ. ಆದರೂ ಅಷ್ಟು ಹೊತ್ತಿಗೆ ಅಂಗಳದಲ್ಲಿ ನೆರೆದಿದ್ದ ಬೀದಿಯವರೆಲ್ಲ ಹೇಳಿದರು. ಬಿದ್ದ ಚೂರುಗಳನ್ನು ಆಯ್ದು ಕಟ್ಟಿಡಿ ಎಂದು ಒಬ್ಬರು ಸೂಚಿಸಿದರೆ, ಅದನ್ನು ಕೋಳಿ ಆಗಲೇ ಆಯ್ದಿದೆ ಎಂದು ಇನ್ನೊಬ್ಬರು ತಿಳಿಸಿದರು. ಹಾಗಾದರೆ ಕೋಳಿಯನ್ನೇ ಮೊಳೆಗೆ ಕಟ್ಟಿ ಎಂದವನನ್ನು ಅಜ್ಜಿ ಹೊರಗಟ್ಟಿದರು. ಇನ್ನೊಂದು ರೊಟ್ಟಿ ಸುಟ್ಟರಾಯಿತಲ್ಲ ಎಂದು ಎಸೆನ್‌ಗುಲ್ ಕೇಳಿದ್ದಕ್ಕೆ ಹೆಂಗಸರೆಲ್ಲ ಅವನನ್ನು ಮರುಕದಿಂದ ನೋಡಿದರು. ಒಮ್ಮೆ ಋಣ ತೀರಿದ ಮನೆಯ ಹಿಟ್ಟು ಮತ್ತೆ ನಡೆಯುವುದಿಲ್ಲವಂತೆ. ಹೋದವರೆಲ್ಲ ಮರಳಿ ಬಂದ ಮನೆಯೊಂದರಿಂದ ಹಿಟ್ಟು ತರಬೇಕಂತೆ.

ಅಂಥ ಮನೆ ಎಲ್ಲಿದೆ? ಒಬ್ಬರ ಮಗ ಮಾಸ್ಕೋದಲ್ಲಿ, ಇನ್ನೊಬ್ಬರ ಸೊಸೆ ಎಲ್ಲೋ ಬಟ್ಟೆ ಹೊಲಿಯುತ್ತ. ಪ್ರತಿ ಮನೆಯ ಗೋಡೆಯಲ್ಲೂ ಕಲ್ಲಾದ ರೊಟ್ಟಿಯೊಂದು ತೂಗುತ್ತಿತ್ತು. ಕೊನೆಗೆ ಗುಲ್ಸುನ್‌ಗೆ ಹೊಳೆಯಿತು, ಮುಕಾಂಬೆತ್ ಮುದುಕನ ಮನೆ. ಆ ಮನೆಯಿಂದ ಯಾರೂ ಹಿಂದಿರುಗದೆ ಉಳಿದಿರಲಿಲ್ಲ, ಏಕೆಂದರೆ ಆ ಮನೆಯಿಂದ ಯಾರೂ ಎಲ್ಲಿಗೂ ಹೋಗಿಯೇ ಇರಲಿಲ್ಲ.

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಎಸೆನ್‌ಗುಲ್ ಓಡಿದ. ದಾರಿಯಲ್ಲಿ ನಾಯಕ ಅಜಾತ್ ಸಿಕ್ಕಿ, ಅಜ್ಜಿ ನಿಜವಾಗಿಯೂ ಕಳಿಸುವುದಿಲ್ಲವೇ, ಬರೀ ರೊಟ್ಟಿ ತಿಂದದ್ದಕ್ಕೇ, ಎಂದು ಎರಡೆರಡು ಸಲ ವಿಚಾರಿಸಿದ. ಹುಡುಗನ ಕಣ್ಣುಗಳು ಹೊಳೆಯುತ್ತಿದ್ದವು. ತಂಡದ ಮೇಲೆ ಇವನಿಗೆ ಇಷ್ಟು ಕಾಳಜಿಯೇ ಎಂದು ಎಸೆನ್‌ಗುಲ್‌ನ ಮನಸ್ಸು ತುಂಬಿ ಬಂತು.

ಮುಕಾಂಬೆತ್ ಬೀದಿಯ ಹಿರಿಯ. ಹರೆಯದಲ್ಲಿ ಕುದುರೆಯ ಮೇಲೆ ಕೂತು, ಸತ್ತ ಮೇಕೆಯನ್ನು ಕಸಿದುಕೊಂಡು ಓಡುವ ಅಲ್ಲಿನ ಆಟದಲ್ಲಿ ಹತ್ತು ಮಂದಿಯ ಪಕ್ಕೆಲುಬು ಮುರಿದವನು. ಹಾಗಾಗಿ ಆಟವೆಂಬುದೆಲ್ಲ ತನಗೆ ಗೊತ್ತೆಂದು ನಂಬಿದ್ದ. ಹಿಟ್ಟಿನ ಮಾತು ಎತ್ತುವ ಮೊದಲೇ ಎಸೆನ್‌ಗುಲ್‌ನನ್ನು ಕೂರಿಸಿ, ಕೊಬ್ಬಿನ ಮಾಂಸ ತಿನ್ನಿಸಿ, ಆಟದ ಬಗ್ಗೆ ಬುದ್ಧಿ ಹೇಳತೊಡಗಿದ.

"ಗೋಲು ಕಾಯೋಕೆ ಒಬ್ಬನೇ ಯಾಕಯ್ಯ? ಆರು ಜನಾನೂ ಗೋಲಿನ ಬಾಯಲ್ಲಿ ಕೂರಿಸು. ಆಮೇಲೆ ಅವರು ಹೇಗೆ ಹೊಡೀತಾರೆ ನೋಡೋಣ."

ಈ ಯೋಚನೆ ಎಷ್ಟೋ ರಾತ್ರಿ ತನಗೂ ಬಂದಿತ್ತೆಂದು ಎಸೆನ್‌ಗುಲ್ ಬಾಯಿಬಿಡಲಿಲ್ಲ.

ಹಿಟ್ಟು ಕೊಡಲು ಮುಕಾಂಬೆತ್‌ಗೆ ಅಡ್ಡಿಯಿರಲಿಲ್ಲ. ಆದರೆ ಅವನಿಗೊಬ್ಬ ಮೊಮ್ಮಗನಿದ್ದ, ತಿಲೆಕ್. ಸ್ಕೇಟು ಕಟ್ಟಿಕೊಂಡರೆ ತಿಲೆಕ್ ಬಲಕ್ಕೆ ಮಾತ್ರ ತಿರುಗಬಲ್ಲವನು. ಎಡಕ್ಕೆ ಹೋಗಬೇಕಾದರೆ ಬಲಕ್ಕೇ ತಿರುಗಿ ತಿರುಗಿ ಒಂದು ಸುತ್ತು ಬರುತ್ತಿದ್ದ. ಕಾಲು ಮುರಿದುಕೊಂಡ ಹುಡುಗನೊಬ್ಬನ ಜಾಗ ಖಾಲಿಯಿರುವುದು ಮುದುಕನಿಗೆ ಗೊತ್ತಿತ್ತು. ಮೊಮ್ಮಗನ ಪಾಸ್‌ಪೋರ್ಟನ್ನು ಎರಡು ವರ್ಷದ ಹಿಂದೆಯೇ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು, ಯಾರ ಕಾಲಾದರೂ ಮುರಿಯಲೆಂದು ಕಾಯುತ್ತಿದ್ದ. ಎಸೆನ್‌ಗುಲ್ ಒಪ್ಪಿಕೊಂಡ. ಮೊದಲೇ ಹರಿದ ಅಂಗಿಗೆ ಇನ್ನೊಂದು ತೂತು ಭಾರವೇ? ಮುದುಕ ಸಂತೋಷದಿಂದ ಅಂಗೈಗಳನ್ನು ಚಾಚಿ ಆಶೀರ್ವಾದಕ್ಕೆ ತೊಡಗಿದ. ತಂಡದಿಂದ ಹಿಡಿದು ದಾರಿ, ಬಸ್ಸು, ಬಸ್ಸಿನ ಚಾಲಕ, ಚಾಲಕನ ಕುರಿಗಳವರೆಗೆ ಹರಸಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ ಜಾರಿತ್ತು.

ಹಿಟ್ಟು ಬಂತು. ಗುಲ್ಸುನ್ ನಾದಿದಳು. ಚಳಿಗೆ ಹಿಟ್ಟು ಉಬ್ಬಲೊಲ್ಲದು. ಎಸೆನ್‌ಗುಲ್ ಅದನ್ನು ಕೋಟಿನೊಳಗೆ ಎದೆಗವಚಿಕೊಂಡು ಹಸುಗೂಸಿನಂತೆ ತೂಗುತ್ತ ಅಂಗಳದಲ್ಲಿ ಅಡ್ಡಾಡಿದ. ಒಲೆ ಹೊತ್ತಲಿಲ್ಲವೆಂದು ಬಗ್ಗಿ ಊದಿದಾಗ ಒಲೆ ಹೊತ್ತಿತು, ಜೊತೆಗೆ ಅವನ ಹುಬ್ಬುಗಳೂ ಹೊತ್ತಿದವು. ಮೊದಲ ರೊಟ್ಟಿ ಬೂದಿಗೆ ಬಿತ್ತು. ಎರಡನೆಯದು ಹೊರಬಂದಾಗ ಬಸ್ಸು ಆಗಲೇ ಬೀದಿಯ ತುದಿಗೆ ಬಂದು ನಿಂತಿತ್ತು. ರೊಟ್ಟಿಯನ್ನು ನೋಡಿ ಬುರುಲ್ಚಾ ಅಜ್ಜಿಯ ಮುಖ ಸಡಿಲಾಯಿತು. ಸರಿ, ಹುಡುಗ ಒಂದು ತುತ್ತು ಕಚ್ಚಿ ಹೋಗಲಿ ಎಂದರು. ಹುಬ್ಬಿಲ್ಲದ, ಅರ್ಧ ಗಡ್ಡದ ಎಸೆನ್‌ಗುಲ್‌ಗೆ ಕಣ್ಣಲ್ಲಿ ನೀರು ಬಂತು.

ಎಲ್ದಿಯಾರ್ ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಒಂದು ತುತ್ತು ಕಚ್ಚಿದ. ಅಜ್ಜಿ ಬಿಳಿ ಬಟ್ಟೆ ಚಾಚಿದರು. ಅವನು ಕೋಚ್‌ನ ಮುಖವನ್ನೊಮ್ಮೆ ನೋಡಿ ಇನ್ನೊಂದು ತುತ್ತು ಕಚ್ಚಿದ. ಆಮೇಲೆ ಮತ್ತೊಂದು. ಅವಸರವಿಲ್ಲದೆ, ಕಣ್ಣೀರು ಸುರಿಸುತ್ತ, ಬಿಸಿ ರೊಟ್ಟಿಯನ್ನು ಅಂಚಿನವರೆಗೂ ತಿಂದು ಮುಗಿಸಿದ. ಇಡೀ ಅಂಗಳ ಬಾಯಿ ತೆರೆದು ನೋಡುತ್ತಿತ್ತು. ಅಜ್ಜಿ ಬಟ್ಟೆಯನ್ನು ಮಡಚಿ ಅಡಿಗೆಮನೆಗೆ ಹೋದರು.

ಎಸೆನ್‌ಗುಲ್ ಹುಡುಗನ ತೋಳು ಹಿಡಿದು ಮನೆಯ ಹಿಂದಿನ ಸೌದೆ ರಾಶಿಯ ಬಳಿಗೆ, ಅಡಿಗೆಮನೆಯ ಕಿಟಕಿಯ ಕೆಳಗೆ, ಎಳೆದೊಯ್ದ. ಈಗಲೂ ಹಸಿವೇನೋ ಎಂದು ಕೇಳಿದ.

"ಹಸಿವಲ್ಲ ಅಣ್ಣ," ಎಂದ ಎಲ್ದಿಯಾರ್. "ಹೋದ ವರ್ಷದ ಗೋಲುಗಳು ನಿಮಗೆಲ್ಲ ಲೆಕ್ಕ. ನನಗೆ ಅವು ಮೈಮೇಲೆ. ಮೊದಲು ಮೊದಲು ಗೋಲು ಹೊಡೆದಾಗ ಅವರು ಕುಣೀತಿದ್ರು. ಆಮೇಲೆ ಕುಣಿಯೋದನ್ನೂ ಬಿಟ್ರು. ಕೊನೇ ಗೋಲು ಹೊಡೆದವನು ನನ್ನ ಹತ್ತಿರ ಬಂದು, ಬೆನ್ನು ತಟ್ಟಿ, ತಪ್ಪಾಯ್ತು ಅನ್ನೋ ಹಾಗೆ ಎದೆ ಮುಟ್ಕೊಂಡ. ಅದನ್ನ ಇನ್ನೊಂದು ಸಲ ನೋಡಕ್ಕಾಗಲ್ಲ."

ಎಸೆನ್‌ಗುಲ್ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆ ಹೊತ್ತು ತಾನು ಬೆಂಚಿನ ಮೇಲೆ ಕೂತು ಟೊಪ್ಪಿಯನ್ನು ಕಣ್ಣಿನ ಮೇಲಕ್ಕೆ ಎಳೆದುಕೊಂಡಿದ್ದು ನೆನಪಾಗಿ ಅವನಿಗೆ ನಾಚಿಕೆಯಾಯಿತು. ಹುಡುಗನ ಹೆಗಲ ಮೇಲೆ ಕೈಯಿಟ್ಟು, ಒಳಗೆ ಹೋಗಿ ಮಲಗೆಂದು ಹೇಳಿ, ಬೀದಿಗೆ ಬಂದ.

ಬೀದಿಯಲ್ಲಿ ಅಳು ಎದ್ದಿತ್ತು. ಮೊದಲು ಅಜಾತನ ತಾಯಿ ಹೊರಗೆ ಬಂದಳು, ಬೆಳಿಗ್ಗೆ ಮೊಳೆಗೆ ಹಾಕಿದ್ದ ಮಗನ ರೊಟ್ಟಿ ಮಾಯವಾಗಿದೆ, ಮಗನ ಬಾಯಿ ಇನ್ನೂ ಆಡುತ್ತಿದೆ ಎಂದಳು. ಅವಳಿ ಹುಡುಗರು ಇಲ್ಲಾದರೂ ಮರ್ಯಾದೆ ಬಿಟ್ಟು ಒಬ್ಬರಿಗಿಂತ ಒಬ್ಬರು ಬೇಗ ಮುಗಿಸಿದ್ದರು. ಮನೆ ಮನೆಯಲ್ಲೂ ಅದೇ ಕಥೆ. ರಾಷ್ಟ್ರೀಯ ತಂಡ ಇಷ್ಟು ಒಗ್ಗಟ್ಟಿನಿಂದ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಬಸ್ಸಿನಲ್ಲಿ ತಿಲೆಕ್ ಒಬ್ಬನೇ ಹಾಕಿ ಕೋಲು ಹಿಡಿದು ಮುಂದಿನ ಸೀಟಿನಲ್ಲಿ ಕೂತಿದ್ದ. ಹಾಳೂರಿಗೆ ಉಳಿದವನೇ ಗೌಡ.

ಎಸೆನ್‌ಗುಲ್ ಮನೆಗೆ ಬಂದು ಕೂತ. ತಂಡ ಹೋಯಿತು, ಕೆಲಸ ಹೋಯಿತು, ಹತ್ತು ಗೋಲಿನೊಳಗೆ ಸೋಲುವ ಆಸೆಯೂ ಹೋಯಿತು. ಅಳಬೇಕೆಂದುಕೊಂಡ. ಆದರೆ ಒಳಗಿನಿಂದ ಬೇರೇನೋ ಎದ್ದು ಬರುತ್ತಿತ್ತು. ಈ ಸಲ ಆ ಫಲಕ ನೋಡಬೇಕಾಗಿಲ್ಲ. ಎದುರು ತಂಡದ ಕೋಚ್ ಕೈ ಕುಲುಕುತ್ತ ಕಣ್ಣು ತಪ್ಪಿಸುವುದನ್ನು ನೋಡಬೇಕಾಗಿಲ್ಲ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹೆಂಡತಿ ನಾಜಿರಾ ಅವನ ಪ್ರಯಾಣಕ್ಕೆಂದು ಸುಟ್ಟ ರೊಟ್ಟಿ ಮೇಜಿನ ಮೇಲಿತ್ತು, ಎಳ್ಳು ಹಾಕಿದ್ದು. ಬೆಳಿಗ್ಗೆಯ ಗಲಾಟೆಯಲ್ಲಿ ಅವನು ಅದನ್ನು ಕಚ್ಚಿಯೂ ಇರಲಿಲ್ಲ. ಈಗ ಕಚ್ಚಿದ. ಇನ್ನೆಲ್ಲಿಗೂ ಹೋಗಬೇಕಾಗಿಲ್ಲದವನಿಗೆ ಉಳಿಸುವ ಚಿಂತೆಯೇಕೆ ಎಂದು ಚಹಾದಲ್ಲಿ ಅದ್ದಿ ಅದ್ದಿ ಕೊನೆಯ ಚೂರಿನವರೆಗೂ ತಿಂದ. ವರ್ಷಗಳಿಂದ ಅವನಿಗೆ ಊಟ ಇಷ್ಟು ರುಚಿಸಿರಲಿಲ್ಲ.

ಹೊರಗೆ ಬಸ್ಸು ಹಾರ್ನ್ ಹೊಡೆಯಿತು. ಬಾಗಿಲು ತೆರೆದರೆ ಬುರುಲ್ಚಾ ಅಜ್ಜಿ ನಿಂತಿದ್ದರು. ಒಂದು ಕೈಯಲ್ಲಿ ಎಲ್ದಿಯಾರನ ಚೀಲ, ಇನ್ನೊಂದರಲ್ಲಿ ಎಲ್ದಿಯಾರನ ಕಿವಿ. ಅವರ ಹಿಂದೆ ಬೀದಿಯ ತಾಯಂದಿರೆಲ್ಲ ತಮ್ಮ ತಮ್ಮ ಮಕ್ಕಳನ್ನು ಬಸ್ಸಿನೊಳಗೆ ತುರುಕುತ್ತಿದ್ದರು.

"ಅಡಿಗೆಮನೆ ಕಿಟಕೀಲಿ ಎಲ್ಲಾ ಕೇಳಿಸ್ಕೊಂಡೆ," ಎಂದರು ಅಜ್ಜಿ. "ನನ್ನ ತಮ್ಮ ನಗ್ತಾ ಹೋದ, ಅದಕ್ಕೇ ಬರಲಿಲ್ಲ. ಇವನು ಹೊರಡೋ ಮೊದಲೇ ಅಳ್ತಿದ್ದಾನೆ. ಹೀಗೆ ಹೆದರಿದವನು ಯಾವ ದೇಶದಲ್ಲೂ ನಿಲ್ಲಲ್ಲ ಕಣಪ್ಪ, ಆಟ ಮುಗಿದ ಕೂಡಲೇ ಮನೆಗೆ ಓಡಿ ಬರ್ತಾನೆ. ಇಂಥವನಿಗೆ ರೊಟ್ಟಿ ಯಾತಕ್ಕೆ? ಎಲ್ಲರಿಗೂ ಅದನ್ನೇ ಹೇಳಿದೆ, ಒಪ್ಪಿದ್ರು. ಕರ್ಕೊಂಡು ಹೋಗು."

ಎಸೆನ್‌ಗುಲ್ ಬಸ್ಸಿನ ಕಿಟಕಿಗಳಲ್ಲಿ ಸಾಲಾಗಿ ಕಂಡ ಅಳುಮುಖಗಳನ್ನು ನೋಡಿದ. ಅವನ ಎದೆಯ ಮೇಲೆ ಕಲ್ಲು ಮತ್ತೆ ಬಂದು ಕೂತಿತು. ಕಂಬದಂತೆ ನಿಂತು, ದನಿ ತಗ್ಗಿಸಿ, ಕೊನೆಯ ಪ್ರಯತ್ನ ಮಾಡಿದ.

"ಅಜ್ಜಿ, ನಾನೂ ನನ್ನ ರೊಟ್ಟೀನ ಪೂರ್ತಿ ತಿಂದ್ಬಿಟ್ಟೆ."

"ಗೊತ್ತು ಮಗ," ಎಂದರು ಅಜ್ಜಿ. "ಮೀಸೆ ತುಂಬ ಎಳ್ಳಿದೆ. ಬಸ್ಸು ಹತ್ತು."