ಚಾಕು ಬಿಟ್ಟು ಹೊಸ್ತಿಲು ದಾಟದ ನಮ್ಮ ಬೀಗರು

ನಮ್ಮ ಬೀಗರು ಅಂಗಿ ಮರೆತು ಬೇಕಾದರೆ ಊರು ಸುತ್ತಿ ಬಂದಾರು, ಚಾಕು ಮರೆತು ಹೊಸ್ತಿಲು ದಾಟುವವರಲ್ಲ! ಹೀಗೆ ಹೇಳಿದ ಕೂಡಲೇ ಅವರನ್ನು ಮೀಸೆ ತಿರುವುವ ಪೈಲ್ವಾನ್ ಎಂದುಕೊಳ್ಳಬೇಡಿ. ನನ್ನ ಮಗಳನ್ನು ಕೊಟ್ಟ ಮನೆಯ ಯಜಮಾನರು. ಕಲಘಟಗಿ ಕಡೆಯ ತಂಬೂರಿನಲ್ಲಿ ಭತ್ತ, ಕಬ್ಬು ಬೆಳೆದುಕೊಂಡು ತಣ್ಣಗೆ ಇರುವ ಮನುಷ್ಯ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಕಿಸೆಯಲ್ಲಿ ಚಾಕು. ಉಣ್ಣುವ ತಟ್ಟೆಗೆ ಇರುವೆ ಬಂದರೆ ಅದು ಉಂಡು ಇಳಿದು ಹೋಗುವ ತನಕ ಕೈ ಎತ್ತಿ ಕೂಡುವವರು. ಇಂಥವರಿಗೆ ಚಾಕು ಯಾಕೆ? ನಾನೂ ಅದನ್ನೇ ಕೇಳುತ್ತ ಬಂದಿದ್ದೇನೆ.

ಒಂದೇ ಚಾಕಾಗಿದ್ದರೆ ಈ ಮಾತು ಬರೆಯುತ್ತ ಕೂಡುತ್ತಿರಲಿಲ್ಲ ಬಿಡಿ. ಅವರ ಮನೆಯಲ್ಲಿ ಒಂದು ಟ್ರಂಕಿದೆ. ಒಳಗೆ ಹಳೆಯ ಕೌದಿಯ ತುಂಡು ಹಾಸಿ, ಅದರ ಮೇಲೆ ಮಡಚುವ ಚಾಕುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಎಮ್ಮೆ ಕೋಡಿನ ಹಿಡಿಯದು, ಹಿತ್ತಾಳೆ ಹಿಡಿಯದು, ಮೀನಿನಂತೆ ಬೆನ್ನು ಬಾಗಿದ್ದು, ಬಿಚ್ಚಿದರೆ ಎರಡು ಅಲಗು ಚಾಚುವಂಥದ್ದು. ಸಂತೆಯಲ್ಲಿ ಕೊಂಡವು ಕೆಲವು, ಕುಲುಮೆ ಮುಚ್ಚಿದ ಕಮ್ಮಾರನ ಮನೆಯವು ಕೆಲವು. ಉಳಿದವೆಲ್ಲ ತೀರಿಹೋದ ಹಿರಿಯರವು. ಸುತ್ತಲಿನ ಊರಲ್ಲಿ ಯಾರೇ ಮುದುಕರು ತೀರಿಹೋದರೂ ಬೀಗರು ಮಾತಾಡಿಸಲು ಹೋಗುತ್ತಾರೆ. ಮನೆಯವರ ಸಂಗಡ ಕೂತು ಮನಸ್ಸು ಬಿಚ್ಚಿ ಅಳುತ್ತಾರೆ. ಕಣ್ಣು ಒರೆಸಿಕೊಂಡ ಮೇಲೆ ಮೆಲ್ಲಗೆ ಕೇಳುತ್ತಾರೆ: "ಅಜ್ಜನ ಚಾಕು ಎಲ್ಲೈತ್ರಿ?" ಅವರ ಅಳುವೂ ಖರೆ, ಆ ಪ್ರಶ್ನೆಯೂ ಖರೆ. ಯಾರೂ ಇಲ್ಲ ಎಂದಿಲ್ಲವಂತೆ.

ದಿನಾ ಮುಂಜಾನೆ ಲಿಂಗಪೂಜೆ ಮುಗಿಸಿ ಟ್ರಂಕು ತೆರೆದು, ಆ ದಿನದ ಕೆಲಸಕ್ಕೆ ತಕ್ಕದ್ದನ್ನು ಆರಿಸಿ ಕಿಸೆಗೆ ಇಳಿಸುತ್ತಾರೆ. ನಾವು ಸೀರೆ ಆರಿಸುವುದಕ್ಕೂ ಅಷ್ಟು ಹೊತ್ತು ಹಿಡಿಯುವುದಿಲ್ಲ!

ಅವರನ್ನು ನಾನು ಮೊದಲು ನೋಡಿದ್ದು ಕುಬಿಹಾಳದ ನಮ್ಮ ಪಡಸಾಲೆಯಲ್ಲಿ, ಮಗಳನ್ನು ನೋಡಲು ಬಂದಾಗ. ಬುಟ್ಟಿಯಲ್ಲಿ ಪೇರಲಹಣ್ಣು ಇಟ್ಟಿದ್ದೆವು. ಮಾತು ಮಳೆ-ಬೆಳೆ ದಾಟಿ ಇನ್ನೇನು ಮುಖ್ಯ ವಿಷಯಕ್ಕೆ ಬರಬೇಕು, ಅಷ್ಟರಲ್ಲಿ ಬೀಗರು ಕಿಸೆಯಿಂದ ಚಾಕು ತೆಗೆದು ಟಕ್ಕನೆ ಬಿಚ್ಚಿದರು. ನನ್ನ ಮೈದುನನಿಗೆ ಮೊದಲೇ ನಾಲಿಗೆ ಉದ್ದ.

"ಯಾಕ್ರಿ ಬೀಗರ, ಮಾತುಕತಿ ಇನ್ನೂ ಚಾಲೂನ ಆಗಿಲ್ಲ, ಆಗಲೇ ಚಾಕು ತಗದ್ರಿ?"

ಬೀಗರು ನಗಲಿಲ್ಲ. ಹಣ್ಣು ಒತ್ತಿ ನೋಡಿದರು. "ತಪ್ಪಾತ್ರಿ. ಹಣ್ಣು ಮೆತ್ತಗೈತಿ, ಇದಕ್ಕ ತೆಳ್ಳನ ಅಲಗು ಬೇಕು" ಎಂದು ಆ ಚಾಕು ಮಡಚಿ ಇಟ್ಟು, ಒಳಂಗಿಯ ಕಿಸೆಯಿಂದ ಇನ್ನೊಂದು ತೆಗೆದರು!

ನಮ್ಮ ಮನೆಯವರು ನನ್ನ ಕಿವಿಯಲ್ಲಿ, "ಹುಡುಗನ್ನ ಆಮ್ಯಾಲ ನೋಡೂಣು. ಮೊದ್ಲ ಇವರಿಗೆ ಕಿಸೆ ಎಷ್ಟದಾವ ನೋಡು" ಎಂದರು.

ಬೀಗರು ಹಣ್ಣನ್ನು ಹೂವಿನಂತೆ ಹೆಚ್ಚಿ ಮೊದಲ ಹೋಳನ್ನು ನನ್ನ ಮಗಳ ಮುಂದೆ ಹಿಡಿದರು. "ಮೊದ್ಲ ನೀ ತಿನ್ನು ಯವ್ವಾ. ಉಳಿದವ್ರು ಕಾಯ್ತಾರ." ನನ್ನ ಮಗಳು ಒಪ್ಪಿದ್ದು ಹುಡುಗನಿಗೋ ಆ ಹೋಳಿಗೋ, ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಇನ್ನು ಬಸ್ಸಿನ ಕಥೆ ಕೇಳಿ. ಒಮ್ಮೆ ಕಲಘಟಗಿಯಿಂದ ಹುಬ್ಬಳ್ಳಿಗೆ ಹೊರಟ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳ ಚೀಲದ ಹಗ್ಗ ಸೀಟಿನ ಕಂಬಿಗೆ ಸಿಕ್ಕಿಕೊಂಡಿತಂತೆ. ಬೀಗರು ಎದ್ದು ನಿಂತು ಚಾಕು ಬಿಚ್ಚಿ, ಹಗ್ಗ ಕತ್ತರಿಸಿ, ಇನ್ನು ಯಾರಿಗಾದರೂ ಬೇಕೇನೋ ಎಂದು ಸುತ್ತಲೂ ನೋಡಿದರಂತೆ. ಕಂಡಕ್ಟರ್ ಹಿಂದಿನಿಂದ ಕೈ ಮುಗಿದನಂತೆ: "ಯಜಮಾನ್ರ, ಅದನ್ನ ಒಳಗ ಇಡ್ರಿ. ಮಂದಿ ನಾ ಕೇಳೂಕಿಂತ ಮೊದ್ಲ ಟಿಕೆಟಿನ ರೊಕ್ಕ ಕೊಡಾಕ ಹತ್ಯಾರ!"

ಈ ಎಲ್ಲ ನಗೆಯ ನಡುವೆ ನನ್ನ ಮಗಳು ಹಡೆದಳು. ಹೆಣ್ಣುಕೂಸು! ಇದನ್ನು ಬರೆಯುವಾಗಲೂ ನನ್ನ ಕೈ ಕುಣಿಯುತ್ತಿದೆ. ನನ್ನ ಮೊಮ್ಮಗಳ ಗಲ್ಲದ ಗುಳಿಯ ಬಗ್ಗೆಯೇ ನಾಲ್ಕು ಪುಟ ಬರೆದೇನು, ಆದರೆ ಇದು ಬೀಗರ ಕಥೆ, ಬಿಡಿ.

ಹೆರಿಗೆಯಾದದ್ದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ. ಬೀಗರು ಸುದ್ದಿ ಮುಟ್ಟಿದ ಕೂಡಲೇ ಓಡಿಬಂದರು. ಬಾಗಿಲ ಕಾವಲಿನವನು ಕಪ್ಪು ಕೋಲೊಂದನ್ನು ಅವರ ಮೈಮೇಲೆ ಆಡಿಸಿದ. ಅದು ಕುಂಯ್ ಎಂದಿತು. ಬೀಗರು ಚಾಕು ತೆಗೆದು ನೆಲದ ಮೇಲೆ ಇಟ್ಟರು.

"ಕೈಯಾಗ ಕೊಡ್ರಿ ಅಜ್ಜಾರ."

"ಚಾಕು ಕೈಯಿಂದ ಕೈಗೆ ಕೊಡಬಾರದಪಾ, ಜಗಳ ಬೀಳತೈತಿ. ನಿನಗೂ ನನಗೂ ಜಗಳ ಯಾಕ? ನೆಲದಿಂದ ತಗೋ."

ಆತ ಬಗ್ಗಿ ತೆಗೆದುಕೊಂಡ. ಕೋಲು ಮತ್ತೆ ಕುಂಯ್ ಎಂದಿತು. ಮತ್ತೊಂದು ನೆಲಕ್ಕೆ. ಮತ್ತೆ ಬಗ್ಗಿದ. ಕೋಲು ಇನ್ನೂ ಸುಮ್ಮನಾಗಲಿಲ್ಲ. ಸೊಂಟದಿಂದ ಇನ್ನೊಂದು ಬಂತು. ಕಾವಲಿನವನು ಬೆನ್ನು ಹಿಡಿದುಕೊಂಡು ಕೇಳಿದ:

"ಯಾರನ್ನ ನೋಡಾಕ ಬಂದೀರಿ?"

"ಮೊಮ್ಮಗಳನ್ನ."

"ವಯಸ್ಸೆಷ್ಟು ಅಕಿದು?"

"ಇವತ್ತ ಮುಂಜಾನೆ ಹುಟ್ಯಾಳ."

ಆತ ಚಾಕುಗಳನ್ನು ನೋಡಿದ, ಬೀಗರನ್ನು ನೋಡಿದ. "ಅಕಿ ಏನ್ ಮಾಡ್ಯಾಳ್ರಿ ನಿಮಗ?"

ನನಗೆ ನಗು ತಡೆಯಲಿಲ್ಲ. ಆದರೆ ಬೀಗರಿಗೆ ಅದು ನಗುವ ಹೊತ್ತಾಗಿರಲಿಲ್ಲ. ಚಾಕುಗಳನ್ನು ಅಲ್ಲಿನ ಪ್ಲಾಸ್ಟಿಕ್ ಬಕೆಟ್ಟಿಗೆ ಹಾಕಿ ಹೋಗಬೇಕು ಎಂದ ಆತ. ಒಂದಕ್ಕೊಂದು ಬಡಿದು ಅಲಗು ಕೆಡುತ್ತವೆ, ಹಾಕುವುದಿಲ್ಲ ಎಂದರು ಇವರು. ಹೊರಗಿನ ಬೆಂಚಿನ ಮೇಲೆ ಕೂತರು. ನಾನು ಒಳಗೊಮ್ಮೆ ಹೊರಗೊಮ್ಮೆ ಓಡಾಡಿ ಸುದ್ದಿ ಮುಟ್ಟಿಸಿದೆ.

"ಮೂಗು ಹೆಂಗೈತ್ರಿ?"

"ನಿಮ್ಮಂಗಿಲ್ಲ. ಚಲೋ ಐತಿ."

"ಅಳತಾಳೇನ್ರಿ?"

"ಅಜ್ಜ ಚಾಕು ಕಾಯಕೊಂತ ಹೊರಗ ಕುಂತಾನ ಅಂದ್ರ ಅಳದ ಏನ್ ಮಾಡ್ಯಾಳ್ರಿ?"

ಕೊನೆಗೆ ನಮ್ಮ ಮನೆಯವರು ಬಂದು ಟವೆಲ್ಲಿನಲ್ಲಿ ಸುತ್ತಿದ ಚಾಕುಗಳನ್ನು ಎಳೆಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಕೂತ ಮೇಲೆ ಬೀಗರು ಒಳಗೆ ಹೋದರು. ಹೊರಗೆ ಬಂದಾಗ ಟವೆಲ್ ಬಿಚ್ಚಿ ಚಾಕುಗಳನ್ನು ಎಣಿಸಿಕೊಳ್ಳುವುದನ್ನೂ ಮರೆತರು. ಅದನ್ನು ನಾನು ಆಗಲೇ ಗಮನಿಸಿದೆ.

ಬಾಣಂತನಕ್ಕೆ ತಾಯಿ-ಮಗಳು ಕುಬಿಹಾಳಕ್ಕೆ ಬಂದರು. ಬೀಗರು ವಾರವಾರ ಬಸ್ಸು ಹತ್ತಿ ಬರುವರು. ತಂಬೂರಿನ ಮನೆಯಲ್ಲಿ ಅವರ ಹೆಂಡತಿ ತೀರಿಕೊಂಡ ಮೇಲೆ ಹೆಣ್ಣುಮಕ್ಕಳ ಧ್ವನಿ ಎಂದರೆ ನನ್ನ ಮಗಳದೊಂದೇ ಇತ್ತು. ಅವಳೂ ಇಲ್ಲಿ. ಅಪ್ಪ-ಮಗ ಇಬ್ಬರೇ ಅಲ್ಲಿ ರೊಟ್ಟಿ ಸುಟ್ಟುಕೊಳ್ಳುತ್ತ, ಏಳನೆಯ ತಿಂಗಳಿಗೆ ಕೂಸನ್ನು ಕರೆದೊಯ್ಯುವ ದಿನ ಯಾವಾಗ ಬಂದೀತೋ ಎಂದು ಕಾಯುತ್ತಿದ್ದರು.

ನನ್ನ ಮೊಮ್ಮಗಳಿಗೆ ಆಗ ಕಂಡದ್ದನ್ನೆಲ್ಲ ಹಿಡಿದು ಬಾಯಿಗೆ ಒಯ್ಯುವ ಹುರುಪು. ಅಜ್ಜನ ತೊಡೆ ಏರಿದಳೋ, ಕೈ ನೆಟ್ಟಗೆ ಅಜ್ಜನ ಕಿಸೆಗೆ! ಒಂದು ದಿನ ಬೀಗರು ನಮ್ಮ ಮನೆಯವರ ಸಂಗಡ ಮಾತಿನಲ್ಲಿದ್ದಾಗ ಕಿಸೆಯಿಂದ ಚಾಕು ಎಳೆದುಬಿಟ್ಟಳು. ಹಳೆಯ ಚಾಕು, ಬಿಗಿ ಸಡಿಲವಾಗಿತ್ತು. ಅಲಗು ಅರ್ಧ ಹೊರಗೆ ಬಂತು. ನಾನು ಕಿರುಚಿ ಕಸಿದುಕೊಳ್ಳುವಷ್ಟರಲ್ಲಿ ತಲೆಯ ಕುಂಚಿಗೆಯನ್ನು ಗದ್ದದ ಕೆಳಗೆ ಕಟ್ಟಿದ್ದ ದಾರ ತುಂಡಾಗಿ ನೆಲಕ್ಕೆ ಬಿತ್ತು.

ಕೂಸಿಗೆ ಏನೂ ಆಗಿರಲಿಲ್ಲ. ನಗುತ್ತಿತ್ತು. ಆದರೆ ದಾರ ಇದ್ದದ್ದು ಗದ್ದದ ಕೆಳಗೆ. ಅದರ ಹಿಂದೆ ಕೊರಳು.

"ಬೀಗರ," ಎಂದೆ, "ಈ ಚಾಕು ಇರೂ ಮನಿಗೆ ನನ್ನ ಮೊಮ್ಮಗಳನ್ನ ಕಳಸೂದಿಲ್ರಿ. ಒಂದ ಅವು ಇರ್ಲಿ, ಒಂದ ಇಕಿ ಇರ್ಲಿ."

ಬೀಗರ ಮುಖ ವಿಭೂತಿಗಿಂತ ಬೆಳ್ಳಗಾಗಿತ್ತು. ತಮ್ಮ ಬೆರಳಿನಿಂದ ಕೂಸಿನ ಗದ್ದದ ಕೆಳಗೆ ಒಮ್ಮೆ ಸವರಿ ನೋಡಿದರು. ಕೂಸನ್ನು ನನ್ನ ಕೈಗೆ ಕೊಟ್ಟರು. ಚಹಾ ಆರುತ್ತಿತ್ತು, ಮುಟ್ಟದೆ ಎದ್ದು ಹೋದರು.

ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಏಳನೆಯ ತಿಂಗಳು ಬಂತು, ಕರೆಯಲು ಯಾರೂ ಬರಲಿಲ್ಲ. ಮಗಳು ಕೂಸಿಗೆ ಎಣ್ಣೆ ಹಚ್ಚುತ್ತ ನನಗೆ ಕೇಳುವಂತೆ ಹೇಳುವಳು: "ನಿನ್ನ ಅಜ್ಜ ಫೋನೂ ಹಚ್ಚಂಗಿಲ್ಲ ನೋಡವಾ." ನಮ್ಮ ಮನೆಯವರು, "ನಿನ್ನ ನಾಲಗಿ ಮುಂದ ಅವರ ಚಾಕು ಏನೂ ಅಲ್ಲ ಬಿಡು" ಎಂದರು. ನಾನು ಬಗ್ಗಲಿಲ್ಲ. ಆ ತುಂಡು ದಾರ ನೋಡಿದ ಯಾವ ಅಜ್ಜಿ ಬಗ್ಗಿಯಾಳು, ನೀವೇ ಹೇಳಿ? ಆದರೂ ಬಸ್ಸು ಬರುವ ಹೊತ್ತಿಗೆ ಕಟ್ಟೆಗೆ ಬಂದು ನಿಲ್ಲುತ್ತಿದ್ದೆ.

ಹೀಗಿರುವಾಗ ನಮ್ಮ ಓಣಿಗೆ ಸಾಣೆ ಹಿಡಿಯುವ ಚಾಚಾ ಬಂದರು. ಊರಿಂದೂರಿಗೆ ಗಾಲಿ ಹೊತ್ತು ತಿರುಗುವ ಹಿರಿಯರು. ಬೀಗರ ಚಾಕುಗಳಿಗೆ ಅಲಗು ಹಚ್ಚುತ್ತಿದ್ದವರೂ ಅವರೇ. ನಾನು ಈಳಿಗೆ ಹಿಡಿದು ಹೋದೆ. ಅವರು ಈಳಿಗೆ ಮುಟ್ಟಲಿಲ್ಲ.

"ಅಕ್ಕಾ, ನಿಮ್ಮ ಬೀಗರು ತಂಬೂರ ಗೌಡ್ರಿಗೆ ಆರಾಮ ಇಲ್ಲೇನ್ರಿ?"

"ಯಾಕ ಚಾಚಾ, ಏನಾತು?"

"ಟ್ರಂಕು ಹೊತಗೊಂಡು ಬಂದ್ರು. ಎಲ್ಲಾ ಚಾಕು ಮೊಂಡ ಮಾಡಿ ಕೊಡು ಅಂದ್ರು. ಅಕ್ಕಾ, ಸಾಣಿ ಹಿಡಿ ಅಂದವ್ರನ್ನ ಜಿಂದಗಿ ಎಲ್ಲಾ ಕಂಡೀನಿ, ಮೊಂಡ ಮಾಡು ಅಂದವ್ರನ್ನ ಕಂಡಿದ್ದಿಲ್ಲ. ಆಗೂದಿಲ್ಲ ಹೋಗ್ರಿ ಅಂದೆ. ಹೋಗಲಿಲ್ಲ. ಗಾಲಿ ಮುಂದ ಕುಂತಬಿಟ್ರು."

"ಯಾಕಂತ ಕೇಳಲಿಲ್ಲ?"

"ಕೇಳಿದೆ. 'ಮನಿಗೆ ಕೂಸು ಬರೂದೈತಿ' ಅಂದ್ರು. ಅಷ್ಟ." ಚಾಚಾ ಗಾಲಿಯ ಮೇಲಿನ ಕೈ ತೆಗೆದರು. "ನಾ ಹಚ್ಚಿದ ಅಲಗು ನಾನ ತಗದೆ ಅಕ್ಕಾ. ಒಂದೊಂದು ತಗದು ಮುಂದಿಟ್ಟಾಗೂ ಹೆಬ್ಬಟ್ಟು ಆಡಿಸಿ ನೋಡಿ, 'ಇನ್ನೂ ಚೂರು ಚಾಚಾ, ಇನ್ನೂ ಚೂರು' ಅಂತಿದ್ರು."

ನಾನು ಈಳಿಗೆಯನ್ನು ಅಲ್ಲೇ ಬಿಟ್ಟು ಮನೆಗೆ ಬಂದೆ. ಮಗಳಿಗೆ ಬಟ್ಟೆ ಕಟ್ಟಲು ಹೇಳಿದೆ. ನಮ್ಮ ಮನೆಯವರು ಗಾಬರಿಯಾದರು.

"ಅವರಾಗೆ ಕರಿಯಾಕ ಬರಬೇಕಲ್ಲ? ನಾವಾಗೆ ಕೂಸು ಹೊತ್ಕೊಂಡು ಹೋದ್ರ ಮಂದಿ ಏನಂದಾರು?"

"ಮಂದಿ ಅನ್ನಲಿ. ನೀವು ಗಾಡಿ ತರಸ್ರಿ."

ತಂಬೂರು ಮುಟ್ಟಿದಾಗ ಬೀಗರು ಕಟ್ಟೆಯ ಮೇಲೆ ಕೂತು ಒಂದು ಚೀಲದ ಬಾಯಿ ಬಿಚ್ಚಲು ಒದ್ದಾಡುತ್ತಿದ್ದರು. ಪಕ್ಕದಲ್ಲಿ ಚಾಕು ಬಿಚ್ಚಿಕೊಂಡೇ ಬಿದ್ದಿತ್ತು. ಅದರಿಂದ ಗರಗಸದಂತೆ ಕೊಯ್ದು ಸೋತು, ಈಗ ಹಲ್ಲಿನಿಂದ ಕಡಿಯುತ್ತಿದ್ದರು. ನಮ್ಮನ್ನು ಕಂಡು ಎದ್ದು ನಿಂತರು. ಮಾತು ಹೊರಡಲಿಲ್ಲ. ಬಾಯಲ್ಲಿ ದಾರ ಇತ್ತು.

ಆಮೇಲೆ ಏನು ಸಡಗರ! ಪಡಸಾಲೆಯಲ್ಲಿ ಕೌದಿ ಹಾಸಿದರು, ಟ್ರಂಕು ತಂದರು. ಚಾಕುಗಳನ್ನೆಲ್ಲ ಕುದಿಯುವ ನೀರಿನಲ್ಲಿ ತೊಳೆದು ಒಣಗಿಸಿ ಇಟ್ಟಿದ್ದರಂತೆ. ನಾನು ಒಂದನ್ನು ಬಿಚ್ಚಿ ಹೆಬ್ಬೆರಳು ಆಡಿಸಿದೆ. ಚಮಚದ ಅಂಚಿನಂತೆ ನುಣ್ಣಗಿತ್ತು. ಮೊನೆಯೂ ಗುಂಡಗೆ. ಇನ್ನೊಂದು ನೋಡಿದೆ, ಮತ್ತೊಂದು ನೋಡಿದೆ. ಯಾರ್ಯಾರೋ ಅಜ್ಜಂದಿರು ಬಾಳೆಲ್ಲ ಮಸೆದಿಟ್ಟ ಅಲಗುಗಳು.

"ಎಲ್ಲಾ ಹಿಂಗ ಮಾಡಿಸಿಬಿಟ್ರೇನ್ರಿ? ಒಂದರೆ ಉಳಿಸಿಕೋಬಾರದೇನ್ರಿ?"

"ಅಕಿಗೆ ಹಲ್ಲು ಬರ್ಲಿ ಬೀಗತ್ಯಾರ," ಎಂದರು, ನನ್ನ ಕಡೆ ನೋಡದೆ. "ಆಮ್ಯಾಲ ಇವಕ್ಕೂ ಬರಸ್ತೀನಿ."

ಅಷ್ಟರಲ್ಲಿ ನನ್ನ ಮೊಮ್ಮಗಳು ತೆವಳಿ ಹೋಗಿ ಎಮ್ಮೆ ಕೋಡಿನ ಹಿಡಿಯದನ್ನು ಹಿಡಿದಿದ್ದಳು. ಮಡಚಿದ ಚಾಕು, ಬೀಗರಿಗೆ ಎಲ್ಲಕ್ಕಿಂತ ಹೆಚ್ಚಿನದು. ಹಿಡಿಯನ್ನು ಬಾಯಿಗಿಟ್ಟು ಬೋಳು ವಸಡಿನಿಂದ ಅಗಿಯತೊಡಗಿದಳು. ಜೊಲ್ಲು ಇಳಿದು ಅಲಗಿನ ಸಂದಿಗೆ ಸೇರುತ್ತಿತ್ತು. ಹಳೆಯ ಕಬ್ಬಿಣ, ಹಸಿ ತಾಗಿದರೆ ಕೆಟ್ಟೀತು ಎಂದು ನಾನು ಸೆರಗು ಹಿಡಿದು ಓಡಿದೆ.

ಬೀಗರು ಕೈ ಅಡ್ಡ ಹಿಡಿದರು.

"ಒರಸಬ್ಯಾಡ್ರಿ," ಎಂದರು. "ತುಕ್ಕು ಹಿಡಿದ್ರ ಹಿಡೀಲಿ ಬಿಡ್ರಿ."