ನಾನೂ ನನ್ನ ಚೀಲವೂ

ನಮ್ಮ ಕಡೆ ಮನೆಗೆ ಬಂದವರ ಕೈಯಲ್ಲಿ ಚೀಲ ಇದ್ದರೆ ಮೊದಲು ಅದನ್ನು ಇಸಿದುಕೊಂಡು ಆಮೇಲೆ ಕಾಲಿಗೆ ನೀರು ಕೊಡುತ್ತಾರೆ. ಪದ್ಧತಿ ಒಳ್ಳೆಯದೇ. ಆದರೆ ಆ ಚೀಲದ ಇನ್ನೊಂದು ತುದಿ ನಿಮ್ಮ ಹೊಟ್ಟೆಯೊಳಗೇ ಇದ್ದರೆ ಏನು ಮಾಡುತ್ತೀರಿ? ನನಗೆ ಇಂಥ ಫಜೀತಿಗಳು ಒಂದರ ಬೆನ್ನಿಗೆ ಒಂದು ಆಗುತ್ತಲೇ ಇರುತ್ತವೆ. ಅಳೋಣವೆಂದು ಕೂತರೆ ನಗು ಬರುತ್ತದೆ.

ಮುಟ್ಟಿದ ಚೀಲ

ನಾನು ದೋರನಹಳ್ಳಿ ಶಾಲೆಯಲ್ಲಿ ಮಾಸ್ತರಿಕೆ ಮಾಡಿ, ನಿವೃತ್ತಿಯಾದ ಮೇಲೆ ಶಹಾಪುರದಲ್ಲಿ ಮನೆ ಮಾಡಿಕೊಂಡವನು. ಪ್ರಾಸ್ಟೇಟ್ ಎಂಬ ಗ್ರಂಥಿಯೊಂದು ನನ್ನೊಳಗೆ ಇದೆ ಎಂದು ಗೊತ್ತಾದದ್ದೇ ಅದು ದಪ್ಪಗಾದ ಮೇಲೆ. ಅವಸರವೆಂದು ಓಡಿದರೆ ಬರುವುದಿಲ್ಲ, ಬಂದು ಕೂತರೆ ಮತ್ತೆ ಅವಸರ. ಊರೂರಲ್ಲಿ ಜನ ಗುಡಿ ಗೋಪುರ ನೋಡಿದರೆ ನಾನು ಮೂತ್ರಿ ಎಲ್ಲಿದೆ ಎಂದು ನೋಡುತ್ತಿದ್ದೆ.

ಕೊಡೇಕಲ್‌ನಲ್ಲಿ ನನ್ನ ಅಕ್ಕ ಇದ್ದಾಳೆ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಬಗಲಲ್ಲಿ ಹೊತ್ತು ಬೆಳೆಸಿದವಳು. ಅವಳನ್ನು ನೋಡಲು ಒಮ್ಮೆ ಸೀರೆ, ಶೇಂಗಾ ಹೋಳಿಗೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ. ಹುಣಸಗಿಯಲ್ಲಿ ತಡೆಯಲಾಗದೆ ಇಳಿದು ಓಡಿದೆ. ನನ್ನದು ಗೊತ್ತಲ್ಲ, ನಿಂತರೆ ಬೇಗ ಮುಗಿಯುವುದಲ್ಲ. ಮುಗಿಸಿ ಬಂದರೆ ಬಸ್ಸಿಲ್ಲ, ಚೀಲವೂ ಇಲ್ಲ. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಶಹಾಪುರದ ಬಸ್ಸು ಹತ್ತಿ ಮನೆಗೆ ವಾಪಸ್ ಬಂದೆ. ಪಕ್ಕದಲ್ಲಿ ಕೂತಿದ್ದ, ನನ್ನ ಗುರುತಿದ್ದ ಕೊಡೇಕಲ್‌ನ ಪುಣ್ಯಾತ್ಮ ಚೀಲವನ್ನು ಅಕ್ಕನ ಮನೆಗೆ ಮುಟ್ಟಿಸಿ, "ನಿಮ್ಮ ತಮ್ಮ ಹುಣಸಗಿಯಾಗ ಇಳದ ಹೋದ್ರು" ಎಂದು ಹೇಳಿದ.

ಸಂಜೆ ಅಕ್ಕನ ಫೋನ್ ಬಂತು. "ಚೀಲ ಮುಟ್ಟ್ಯದ. ತಮ್ಮ ಮುಟ್ಟಿಲ್ಲ" ಎಂದಳು, ಇಟ್ಟುಬಿಟ್ಟಳು. ಆಮೇಲೆ ನನ್ನ ಫೋನ್ ಎತ್ತಲೇ ಇಲ್ಲ. ತಾಯಿಯಂಥವಳಿಗೆ ಉಚ್ಚೆಯ ಸಂಗತಿ ಹೇಗೆ ಹೇಳುವುದು? ನಾನೂ ಹೇಳಲಿಲ್ಲ. ತಮ್ಮನಿಗೆ ಸೊಕ್ಕು ಬಂದಿದೆ ಎಂದು ಅವಳು ತಿಳಿದಳು. ಹೋಳಿಗೆ ಮಾತ್ರ ತಿಂದಳಂತೆ.

ಎರಡು ದಾರಿ

ಒಂದು ದಿನ ಮೂತ್ರ ಪೂರ್ತಿ ಕಟ್ಟಿ, ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಒಯ್ದರು. ಡಾಕ್ಟರು ಕ್ಯಾಥೆಟರ್ ಎಂಬ ಮೆತ್ತನೆ ಪೈಪು ಹಾಕಿದರು. ಆ ಕ್ಷಣದ ಸುಖ ಹೇಳಲು ನನ್ನ ಕನ್ನಡ ಸಾಲದು. ಸದ್ಯಕ್ಕೆ ಆಪರೇಶನ್ ಆಗುವ ಹಾಗಿರಲಿಲ್ಲ, ಹೃದಯದ ಔಷಧ ನಡೆದಿತ್ತು. ಆಪರೇಶನ್ ಆಗುವ ತನಕ ಎರಡು ದಾರಿ ಎಂದರು. ಸಣ್ಣ ಪೈಪನ್ನು ಹೊತ್ತು ಹೊತ್ತಿಗೆ ನಾನೇ ಹಾಕಿಕೊಂಡು ಖಾಲಿ ಮಾಡಿ ತೆಗೆಯುವುದು ಒಂದು. ಪೈಪು ಒಳಗೇ ಇದ್ದು ಚೀಲ ಹೊರಗಿರುವುದು, ಆಸ್ಪತ್ರೆಯವರು ಹೇಳಿದ ಹೊತ್ತಿಗೆ ಬಂದು ಪೈಪು ಬದಲಿಸಿಕೊಳ್ಳುವುದು ಇನ್ನೊಂದು.

"ಮಾಸ್ತರ್ರೆ, ಯಾವ್ದು ಬೇಕು ನೀವೇ ವಿಚಾರ ಮಾಡ್ರಿ" ಎಂದರು ಡಾಕ್ಟರು. ಹುಟ್ಟಿದಾಗಿನಿಂದ ಒಂದು ಬನಿಯನ್ನನ್ನೂ ನಾನೇ ಆರಿಸಿದವನಲ್ಲ. ಹೆಂಡತಿಯ ಮುಖ ನೋಡಿದೆ.

ಅವಳು ಕೇಳಿದಳು: "ಸಾಹೇಬ್ರ, ಇವೆರಡರಾಗ ಯಾವ್ದಾದ್ರ ಕೊಡೇಕಲ್ ತನ ಬಸ್ಸಿನಾಗ ಕೂಡಾಕ ಬರ್ತದರಿ?"

"ಮೊದಲನೇದಕ್ಕ ಕೈ ನಡಗಬಾರ್ದು. ದಾರಿಯಾಗ ಎಲ್ಲಿ ಮಾಡ್ಕೊಂಡ್ರೂ ಜಾಗಾ ಸ್ವಚ್ಛ ಇರ್ಬೇಕಮ್ಮಾ."

"ದಾರಿಯಾಗ ಅಂಥ ಜಾಗಾ ಇದ್ದಿದ್ರ ಇವ್ರು ಯಾವತ್ತೋ ಅಕ್ಕನ ಮನಿ ಮುಟ್ತಿದ್ರು. ಚೀಲನೇ ಇರಲಿ ಬಿಡ್ರಿ" ಎಂದಳು. ನನ್ನ ಕೈ ನಡುಗುವುದನ್ನು ಡಾಕ್ಟರು ನೋಡಿದ್ದು ಆಮೇಲೆ.

ನಿಂತು ಕುಡಿದ ಚಹಾ

ಆಸ್ಪತ್ರೆಯ ಸಿಸ್ಟರ್ ನನಗೇ ಪಾಠ ಒಪ್ಪಿಸಲು ಹಚ್ಚಿದಳು. ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗೆ, ಮೇಲಾದರೆ ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ನೆಲಕ್ಕೆ ಮಾತ್ರ ತಾಗಬಾರದು. ಪೈಪು ಜಗ್ಗಬಾರದು, ಮಡಚಬಾರದು. ಖಾಲಿ ಮಾಡುವ ಮುಂಚೆಯೂ ಆಮೇಲೂ ಕೈ ತೊಳೆಯಬೇಕು. ನೀರು ಚೆನ್ನಾಗಿ ಕುಡಿಯಬೇಕು. ಜ್ವರ ಬಂದರೆ, ಮೂತ್ರ ಇಳಿಯದೆ ನಿಂತರೆ ಸೀದಾ ಇಲ್ಲಿಗೆ ಬರಬೇಕು. ಹಗಲು ಕಾಲಿಗೆ ಕಟ್ಟುವ ಸಣ್ಣ ಚೀಲವೂ ಇತ್ತು. ಆದರೆ ನನ್ನ ಕಾಲು ತೊಗರಿ ಕಟ್ಟಿಗೆ. ಪಟ್ಟಿ ನಿಲ್ಲದೆ ಪಾದಕ್ಕೆ ಜಾರುತ್ತಿತ್ತು. ಹಾಗಾಗಿ ಕೈಚೀಲವೇ ಗತಿ.

ಹೆಂಡತಿ ಕೌದಿ ಹೊಲಿದು ಉಳಿದ ತುಂಡುಗಳಿಂದ ಅದಕ್ಕೊಂದು ಗವಸು ಹೊಲಿದಳು. ತನ್ನ ಹಳೆಯ ಇಳಕಲ್ ಸೀರೆ, ನನ್ನ ಹಳೆಯ ಅಂಗಿ, ಕೆಳಗೆ ಕೆಂಪು ಅಂಚು. ಎಷ್ಟು ಚಂದವಾಯಿತೆಂದರೆ ಓಣಿಯ ಹೆಂಗಸರು "ನಮಗೂ ಒಂದು ಹೊಲದ ಕೊಡ್ರಿ, ಸಂತಿಗೆ ಬೇಕು" ಎಂದರು. ಅದರಲ್ಲೇನಿದೆ ಎಂದು ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ.

ಒಂದು ಮುಂಜಾನೆ ಹಳೆಯ ಶಿಷ್ಯನೊಬ್ಬ ಚಹಾಕ್ಕೆ ಕರೆದ. ನಾನು ಕುರ್ಚಿಯ ಕೆಳಪಟ್ಟಿಗೆ ಚೀಲ ತೂಗುಹಾಕಿ, ಪೈಪು ಧೋತರದೊಳಗೆ ಮುಚ್ಚಿಕೊಂಡು ಕೂತೆ. "ಸರ್, ನಿಮ್ಮ ಚೀಲ ಕಾಲಾಗ ಇಡೂದಾ? ಛೇ!" ಎಂದು ಅವನು ಎತ್ತಿ ಪಕ್ಕದ ಗೋಡೆಯ ಗೂಟಕ್ಕೆ ಹಾಕಿದ. ಚೀಲ ಎದೆಯ ಮಟ್ಟಕ್ಕೆ ಹೋಯಿತು. ನಾನು ಮೆಲ್ಲಗೆ ಇಳಿಸಿದೆ. ಅವನ ಹೆಂಡತಿ ಬಂದು ಮತ್ತೆ ಏರಿಸಿದಳು. ಮತ್ತೆ ಇಳಿಸಿದೆ. ಅವನ ತಂದೆ ಒಳಗಿನಿಂದ ಬಂದವರು, "ಗುರುಗಳ ಚೀಲ ನೆಲದ ಹತ್ರ ಯಾರು ಇಟ್ರು?" ಎಂದು ಎಲ್ಲರನ್ನೂ ಬೈದು ತಾವೇ ಗೂಟಕ್ಕೇರಿಸಿದರು.

ಚೀಲ ಇಳಿಯುವುದಿಲ್ಲವಾದರೆ ನಾನೇ ಏರಬೇಕು. ಎದ್ದು ನಿಂತೆ.

"ಸಿಟ್ಟಾದ್ರೇನ್ರಿ ಸರ್?"

"ಇಲ್ಲಪಾ, ಕುಂತು ಕುಂತು ಸಾಕಾಗ್ಯದ. ನಿಂತೇ ಕುಡೀತೀನಿ."

ಗುರು ನಿಂತ ಮೇಲೆ ಶಿಷ್ಯ ಕೂತಾನೆಯೇ? ಅವನು ಎದ್ದ, ಅವನ ಹೆಂಡತಿ ಎದ್ದಳು, ಮುದುಕರು ಗೋಡೆ ಹಿಡಿದು ಎದ್ದರು. ಬಸಿ ಕಪ್ಪು ಹಿಡಿದು ಎಲ್ಲರೂ ಗಂಭೀರವಾಗಿ ನಿಂತೆವು. ಪ್ರಾರ್ಥನೆ ಹೇಳುವುದೊಂದು ಬಾಕಿ ಇತ್ತು.

ಕನಸಿಗೆ ಚಾರ್ಜಿಲ್ಲ

ಚೀಲ ಬಂದ ಮೇಲೆ ನನಗೆ ಸಿಕ್ಕ ದೊಡ್ಡ ಸಂಪತ್ತೆಂದರೆ ನಿದ್ದೆ. ಮೊದಲು ಕನಸು ಬಿದ್ದರೂ ಒಂದೇ ಕನಸು: ಮೂತ್ರಿ ಹುಡುಕುವುದು. ಯಾವ ಬಾಗಿಲು ತೆಗೆದರೂ ಒಳಗೆ ಶಾಲಾ ಇನ್ಸ್‌ಪೆಕ್ಟರು ಹಾಜರಿ ಪುಸ್ತಕ ಹಿಡಿದು ಕೂತಿರುತ್ತಿದ್ದರು. ಈಗ ಕನಸುಗಳಿಗೆ ಅವಸರವಿಲ್ಲ. ಬಿಳಿ ಹತ್ತಿಯ ಹೊಲಗಳು ಸುಮ್ಮನೆ ಹರಿದು ಹೋಗುತ್ತವೆ. ಮುಂಜಾನೆ ಮಾಳಿಗೆಯ ಮೇಲೆ ಕೂತರೆ ನಮ್ಮೂರಿನ ಬುದ್ಧ ಮಲಗಿದ ಆಕಾರದ ಗುಡ್ಡ ಕಾಣುತ್ತದೆ. ಯಾವುದಕ್ಕೂ ಏಳದೆ ಎಷ್ಟು ನಿಶ್ಚಿಂತೆಯಿಂದ ಮಲಗಿದ್ದಾನೆ ಎಂದು ಮೊದಲು ಹೊಟ್ಟೆಕಿಚ್ಚು ಪಡುತ್ತಿದ್ದೆ. ಈಗ ಇಬ್ಬರೂ ಸರಿಸಮ.

ಒಂದು ದಿನ ಅಲ್ಲೇ ಬಿಸಿಲು ಕಾಯುತ್ತ ಕಣ್ಣು ಹತ್ತಿತು. ಕನಸಿನಲ್ಲಿ ಅಕ್ಕ ಕಾಲುವೆಯ ದಂಡೆ ಹಿಡಿದು ನಡೆದಿದ್ದಳು, ಕೈಯಲ್ಲಿ ನಾನು ಕಳೆದುಕೊಂಡ ಆ ಚೀಲ. ನೀರು ಸದ್ದಿಲ್ಲದೆ ಅವಳ ಜೊತೆ ಹೋಗುತ್ತಿತ್ತು. "ಅಕ್ಕಾ" ಎಂದು ಎಷ್ಟು ಕೂಗಿದರೂ ತಿರುಗಲಿಲ್ಲ. ಎಚ್ಚರವಾದಾಗ ಕಣ್ಣು ಒದ್ದೆಯಾಗಿತ್ತು. ವಯಸ್ಸಾದವಳು, ನನ್ನ ಮೇಲೆ ಸಿಟ್ಟಿಟ್ಟುಕೊಂಡೇ ಹೋಗಿಬಿಟ್ಟರೆ? ಹೆಂಡತಿಗೆ ಹೇಳಿದೆ.

ಅವಳು ಗವಸನ್ನು ಒಗೆದು ಹಿಂಡುತ್ತ ಅಂದಳು: "ಕನಸಿನಾಗ ಬಸ್ ಚಾರ್ಜ್ ಹತ್ತಂಗಿಲ್ಲ ಅಂತ ದಿನಾ ಹೊಂಟೀರಿ. ನಾಳಿ ಖರೇ ಬಸ್ ಹತ್ರಿ, ನಾನೂ ಬರ್ತೀನಿ."

ನಡೆದಿದೆ

ಸುರಪುರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತು. ಬಿಸಿಲಿಗೆ ಜನ ಕಬ್ಬಿನ ಹಾಲು ಕುಡಿದದ್ದೇ ಕುಡಿದದ್ದು. ನಾನೂ ಧೈರ್ಯದಿಂದ ಕುಡಿದೆ. ಬಸ್ಸು ಬಿಟ್ಟ ಮೇಲೆ ಶುರುವಾಯಿತು ನೋಡಿ. ಒಬ್ಬ ಎದ್ದು "ಡ್ರೈವರ್ ಸಾಹೇಬ್ರ, ಸ್ವಲ್ಪ ನಿಂದ್ರಸ್ರಿ" ಎಂದ. ಇನ್ನೊಬ್ಬ ಕಂಬ ಹಿಡಿದು ಕುಣಿಯತೊಡಗಿದ. "ಹುಣಸಗಿ ತನ ನಿಂದ್ರಂಗಿಲ್ಲ, ಟೈಮ್ ಆಗ್ಯದ" ಎಂದು ಡ್ರೈವರು ಗದರಿದ. ನಾನು ಕಿಟಕಿಗೆ ತಲೆಯಾನಿಸಿದೆ. ಬಂಡೆಗುಡ್ಡಗಳು ಹಿಂದೆ ಸರಿದವು, ಕಾಲುವೆಯ ನೀರು ಕಂಡಿತು, ಹಸಿರು ಗದ್ದೆಗಳ ಮೇಲೆ ಕೊಕ್ಕರೆಗಳು ಅರೆನಿದ್ದೆಯಲ್ಲಿದ್ದವು. ನನಗೂ ಜೋಂಪು. ಕಾಲ ಬಳಿ ಚೀಲ ತಣ್ಣಗೆ ತನ್ನ ಕೆಲಸ ಮಾಡುತ್ತಿತ್ತು.

ಕೊನೆಗೆ ಡ್ರೈವರಿಗೇ ತಡೆಯಲಾಗಲಿಲ್ಲ. ಜಾಲಿಗಿಡಗಳ ಹತ್ತಿರ ಬಸ್ಸು ನಿಂತದ್ದೇ ತಡ, ಗಂಡಸರು ಒಂದು ಕಡೆ ಓಡಿದರು, ಹೆಂಗಸರು ನನ್ನ ಹೆಂಡತಿಯ ಹಿಂದೆ ಇನ್ನೊಂದು ಕಡೆ. ಬಸ್ಸಿನಲ್ಲಿ ನಾನೊಬ್ಬನೇ ಉಳಿದೆ.

ಕಂಡಕ್ಟರ್ ಕೆಳಗಿನಿಂದ ಕೂಗಿದ: "ಮುತ್ಯಾ, ನೀವು ಇಳಿಯಂಗಿಲ್ಲೇನ್ರಿ? ಮುಂದ ನಿಂದ್ರಂಗಿಲ್ಲ ನೋಡ್ರಿ!"

"ನೀ ಮುಗಿಸ್ಕೊಂಡು ಬಾರಪಾ," ಎಂದೆ ಕಣ್ಣು ಮುಚ್ಚಿಯೇ, "ನಂದು ನಡದದ."

ಅಕ್ಕನ ಮನೆ

ಕೊಡೇಕಲ್‌ನಲ್ಲಿ ಇಳಿದು, ಚೀಲ ಖಾಲಿ ಮಾಡಿಕೊಂಡು ಓಣಿ ಹಿಡಿದೆವು. ಸೀರೆ, ಹೋಳಿಗೆ ಇದ್ದ ಚೀಲ ಹೆಂಡತಿಯ ಕೈಯಲ್ಲಿತ್ತು. ಅವಳು ಪರಿಚಯದವರ ಜೊತೆ ಮಾತಿಗೆ ನಿಂತಳು, ನಾನು ಮುಂದೆ ನಡೆದೆ. ಅಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕೂತಿದ್ದಳು. ನನ್ನನ್ನು ನೋಡಿದಳು, ಮುಖ ಆ ಕಡೆ ತಿರುಗಿಸಿದಳು. ಆದರೆ ಸಿಟ್ಟು ಎಷ್ಟೇ ಇರಲಿ, ಬಂದವರ ಚೀಲ ಇಸಿದುಕೊಳ್ಳದಿದ್ದರೆ ಮನೆತನದ ಮರ್ಯಾದೆ ಏನಾಗಬೇಕು? ಎದ್ದು ಬಂದವಳೇ ನನ್ನ ಕೈಯಿಂದ ಚೀಲ ಕಸಿದುಕೊಂಡು, ಬೆನ್ನು ತಿರುಗಿಸಿ ಒಳಗೆ ನಡೆದಳು.

"ಅಕ್ಕಾ, ನಿಂದ್ರು! ನಿಂದ್ರು!" ಎಂದು ನಾನೂ ಅವಳ ಬೆನ್ನಿಗೇ ಓಡಿದೆ. ಚಪ್ಪಲಿ ಬಿಡಲೂ ಪುರುಸೊತ್ತಿಲ್ಲ.

"ನನ್ನ ಕೂಡ ಮಾತಾಡಬ್ಯಾಡ. ನೀ ಚೀಲ ಕಳಸಾಂವ. ಚೀಲ ಒಳಗ ಬರ್ಲಿ, ನೀ ಅಲ್ಲೇ ನಿಂದ್ರು!"

"ಆಗಂಗಿಲ್ಲವಾ ಅಕ್ಕಾ! ಇನ್ನ ಮ್ಯಾಲ ಚೀಲ ಎಲ್ಲಿ ಹೋಗ್ತದ ಅಲ್ಲಿಗೆ ನಾನೂ ಬರಬೇಕು!"

ಅವಳು ತಿರುಗಿದಳು. ಧೋತರದಿಂದ ಚೀಲಕ್ಕೆ ಹೋದ ಪೈಪು ಕಂಡಿತು. ಮೆಲ್ಲಗೆ ಗವಸು ಸರಿಸಿ ನೋಡಿದಳು. ನಾನು ಹುಣಸಗಿಯಿಂದ ಹಿಡಿದು ಎಲ್ಲವನ್ನೂ ಹೇಳಿಬಿಟ್ಟೆ. ಸಣ್ಣವನಿದ್ದಾಗ ಪೆಟ್ಟು ತಿಂದು ಬಂದು ಹೇಳುತ್ತಿದ್ದ ಹಾಗೆ, ಒಂದೇ ಉಸಿರಿಗೆ. ಅವಳು ಸೆರಗು ಬಾಯಿಗೆ ಹಚ್ಚಿದಳು. ಅಳುತ್ತಾಳೆಂದು ತಿಳಿದೆ. ನೋಡಿದರೆ ಮೈ ಕುಲುಕಿಸಿ ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

"ಹುಚ್ಚಪ್ಪಾ, ಇಷ್ಟಕ್ಕ ನನ್ನ ಬಿಟ್ಟಿದ್ದೇನೋ?" ಎಂದಳು. ಚೀಲವನ್ನು ಕೆಳಗೇ ಹಿಡಿದು, ನನ್ನನ್ನು ಕೈಹಿಡಿದು ಮತ್ತೆ ಕಟ್ಟೆಗೆ ಕರೆದುಕೊಂಡು ಬಂದಳು, ತಮ್ಮ ಬಂದಿದ್ದಾನೆಂದು ಓಣಿಗೆಲ್ಲ ಕಾಣಲಿ ಎಂದು.

ಎದುರು ಮನೆಯಾಕೆ ಬಾಗಿಲಲ್ಲೇ ನಿಂತು ಕೌದಿಯ ಚೀಲ ನೋಡಿದಳು. "ಏನಬೇ, ತಮ್ಮ ಬಂದಾನಲ್ಲ! ಚೀಲದಾಗ ಏನ್ ತಂದಾನ?"

ಅಕ್ಕ ಇಡೀ ಓಣಿಗೆ ಕೇಳುವ ಹಾಗೆ ಹೇಳಿದಳು: "ಸಣ್ಣಾಂವ ಇದ್ದಾಗ ದಿನಾ ನನ್ನ ಉಡಿಯಾಗೇ ಉಚ್ಚಿ ಹೊಯ್ತಿದ್ನವಾ. ಈಗ ಶಾಣ್ಯಾ ಆಗ್ಯಾನ, ತನ್ನ ಚೀಲ ತಾನೇ ತಂದಾನ!"