ನಿಂತಲ್ಲೇ ಎಂಬತ್ತು

ಗೇರ್‌ಬಾಕ್ಸ್ ಬದಲಾಯಿಸಿದ ಮೇಲೆ ಹಾರ್ನಪ್ಪನ ಲಾರಿ ಎಷ್ಟು ಸೊಗಸಾಗಿ ಓಡುತ್ತಿತ್ತೆಂದರೆ, ತಾನು ಓಡುತ್ತಿದ್ದೇನೆ ಎಂಬುದು ಆ ಲಾರಿಗೇ ಗೊತ್ತಿರಲಿಲ್ಲ. ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಹಾಯಾಗಿ ಮಲಗಿಬಿಟ್ಟಿತ್ತು. ಮೆಲ್ಲಗೆ ಹೋದರೂ ಸೊನ್ನೆ, ಜೋರಾಗಿ ಹೋದರೂ ಸೊನ್ನೆ. ಮಗಳ ಮನೆಯಲ್ಲಿ ಊಟ ಮುಗಿಸಿ ಮಂಚಕ್ಕೆ ಒರಗಿದ ಮಾವನ ಹಾಗೆ, ಏಳುವ ಮಾತೇ ಇಲ್ಲ.

ಹಾರ್ನಪ್ಪ ಎಂಬುದು ಅವನ ನಿಜವಾದ ಹೆಸರಲ್ಲ. ಸ್ವಂತ ಅಡುಗೆಮನೆಗೆ ಹೋಗುವಾಗಲೂ ಬಾಗಿಲಲ್ಲಿ ಒಮ್ಮೆ ಜೋರಾಗಿ ಕೆಮ್ಮಿಯೇ ಒಳಗೆ ಕಾಲಿಡುತ್ತಿದ್ದುದರಿಂದ ಬೀದಿಯವರು ಇಟ್ಟ ಹೆಸರು. ಹಳೆಯ ಗೇರ್‌ಬಾಕ್ಸ್ ಹಲ್ಲುದುರಿಸಿಕೊಂಡು ಕೂತಾಗ ಅವನು ಗುಜರಿಯಿಂದ ಬೇರೆ ಜಾತಿಯ ಲಾರಿಯದೊಂದನ್ನು ತಂದು ಕೂರಿಸಿದ್ದ. ಕೂರಿಸಿದ ಮೇಸ್ತ್ರಿ ಕೊನೆಯ ಬೋಲ್ಟು ಬಿಗಿದು, ಕೈ ಒರೆಸಿಕೊಂಡು, "ಮೀಟರ್ ವಿಷಯ ಮಾತ್ರ ನನ್ನ ಕೇಳ್ಬೇಡಿ, ಅದು ಕರೆಂಟಿನವರ ಬಾಬ್ತು" ಎಂದು ನಡೆದಿದ್ದ.

ಕೇಬಲ್ ತಿರುಗಿ ಮುಳ್ಳು ಏಳುವ ಹಳೇ ಕಾಲದ ಮೀಟರಲ್ಲ ಅದು. ಗೇರ್‌ಬಾಕ್ಸಿಗೆ ಹೆಬ್ಬೆರಳು ಗಾತ್ರದ ಸೆನ್ಸರ್ ಸಿಕ್ಕಿಸಿರುತ್ತದೆ. ಒಳಗೆ ತಿರುಗುವ ಚಕ್ರದ ಹಲ್ಲುಗಳನ್ನು ಅದು ಎಣಿಸುತ್ತಾ ವೈರಿನ ಮೂಲಕ ಮೀಟರಿಗೆ ಸುದ್ದಿ ಮುಟ್ಟಿಸುತ್ತದೆ. ಈಗ ಹೊಸ ಗೇರ್‌ಬಾಕ್ಸಿನ ಪ್ಲಗ್ಗೇ ಬೇರೆ, ಲಾರಿಯ ಪ್ಲಗ್ಗೇ ಬೇರೆ. ಮಾತುಬಿಟ್ಟ ಓರಗಿತ್ತಿಯರ ಹಾಗೆ ಎರಡೂ ಒಂದೊಂದು ದಿಕ್ಕಿಗೆ ಮುಖ ಮಾಡಿ ನೇತಾಡುತ್ತಿದ್ದವು.

ಸಂಜೆಯೊಳಗೆ ಲಾರಿಯನ್ನು ಬ್ರೇಕ್ ಇನ್ಸ್‌ಪೆಕ್ಟರಿಗೆ ತೋರಿಸಬೇಕಿತ್ತು. ಗಾಡಿ ಸರಿಯಿದೆ ಎಂದು ಅವರು ಮೊಹರು ಒತ್ತದಿದ್ದರೆ ನಾಳೆಯಿಂದ ಲಾರಿ ರಸ್ತೆಗಿಳಿಯುವಂತಿಲ್ಲ. ಅಲೆದು ಅಲೆದು ಗಿಟ್ಟಿಸಿದ್ದ ಹೆಂಚಿನ ಕಾರ್ಖಾನೆಯ ಲೋಡು ಇನ್ನೊಬ್ಬನ ಪಾಲು.

ಮನೆಯ ಮುಂದೆ ನಿಂತಿದ್ದ ಲಾರಿಯ ಬಳಿಗೆ ಮೊದಲು ಬಂದವನು ಹೆಂಡತಿಯ ತಮ್ಮ. ಯಾರೂ ಕರೆಯದೆಯೇ ತೋಳು ಮಡಚಿಕೊಂಡೇ ಬಂದ.

"ಭಾವ, ನೀವು ಸುಮ್ನೆ ಪಕ್ಕಕ್ಕೆ ನಿಂತ್ಕೊಳ್ಳಿ. ಅಲ್ಲಿ ನಾಲ್ಕು ವೈರು, ಇಲ್ಲಿ ನಾಲ್ಕು ವೈರು. ಜೋಡಿಸಿದ್ರೆ ಮುಗೀತು. ಇದಕ್ಕೂ ಪಂಚಾಯ್ತಿ ಬೇಕಾ?"

ಲಾರಿಯಡಿ ತೂರಿಕೊಂಡ. ಕೆಳಗಿನಿಂದ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು, ಅವೂ ಬಹಳ ತಿಳಿದವರ ಹಾಗೆ ಅಲ್ಲಾಡುತ್ತಿದ್ದವು. ಕೊನೆಗೆ ಹೊರಬಂದು "ಈಗ ಬಿಡಿ" ಎಂದ.

ಹಾರ್ನಪ್ಪ ಲಾರಿಯನ್ನು ಮುಂದಕ್ಕೆ ಬಿಟ್ಟ. "ಪೀ... ಪೀ... ಪೀ" ಎಂದು ಹಾರ್ನ್ ಹೊಡೆದುಕೊಂಡಿತು. ಇನ್ನೊಂದಿಷ್ಟು ಜೋರಾಗಿ ಬಿಟ್ಟ. "ಪೀಪೀಪೀಪೀ" ಎಂದಿತು. ಬ್ರೇಕ್ ಹಾಕಿದ. ಗಪ್‌ಚಿಪ್.

ಎದುರಿನ ಅಂಗಡಿಯಿಂದ ಟೈಲರ್ ಕುತ್ತಿಗೆಯಲ್ಲಿ ಟೇಪು ನೇತಾಡಿಸಿಕೊಂಡೇ ಓಡಿಬಂದ. "ಹಾರ್ನಪ್ನೋರೇ, ಹೆಸರಿಗೆ ತಕ್ಕ ಹಾಗೆ ಇರ್ಬೇಕು ಅಂತ ಏನೂ ಇಲ್ಲ! ಬೆಚ್ಚಿಬಿದ್ದು ಪ್ಯಾಂಟಿನ ಎರಡೂ ಕಾಲು ಸೇರಿಸಿ ಹೊಲಿದುಬಿಟ್ಟೆ. ಗಿರಾಕಿ ಕುಪ್ಪಳಿಸ್ಕೊಂಡು ಓಡಾಡ್ಬೇಕಾ?"

"ಅದಿರ್ಲಿ ಬಿಡಿ," ಎಂದ ಭಾಮೈದ, "ಸೆನ್ಸರ್ ಚೆನ್ನಾಗಿದೆ ಅಂತ ಗೊತ್ತಾಯ್ತಲ್ಲ."

ಬೈಯಲು ಬಂದ ಟೈಲರ್ ಸಲಹೆ ಕೊಡಲು ಅಲ್ಲೇ ನಿಂತ. ಹೊಲಿಗೆ ಬಿಚ್ಚುವುದಕ್ಕಿಂತ ಅದೇ ಹಗುರದ ಕೆಲಸ. "ಇದೆಲ್ಲ ನಮ್ಮ ಟೀವಿ ರಿಪೇರಿಯವನ ಕೈಗೆ ಕೊಡಿ. ಸತ್ತ ಟೀವೀಲಿ ಹಾಡು ಹಾಡಿಸಿದವನು" ಎಂದು ಹೋಗಿ ಅವನನ್ನು ಕರೆತಂದೇಬಿಟ್ಟ.

ಟೀವಿಯವನು ಕನ್ನಡಕ ಹಣೆಗೇರಿಸಿ ಹಾರ್ನಿನ ವೈರು ಬಿಡಿಸಿ, ಮೀಟರನ್ನು ನಾಡಿ ಹಿಡಿದು ನೋಡುವವನಂತೆ ನೋಡಿದ. "ನೋಡಿ, ಮೀಟರಿಗೆ ಬೇಕಾಗಿರೋದು ಮಿಡಿತ. ಅದು ಚಕ್ರದಿಂದ ಬಂದ್ರೇನು, ಡೈನಮೋದಿಂದ ಬಂದ್ರೇನು?" ಎಂದು ಎಂಜಿನ್ ಜೊತೆ ತಿರುಗುವ ಡೈನಮೋದಿಂದಲೇ ಒಂದು ವೈರು ಎಳೆದು ಕೊಟ್ಟ.

ಎಂಜಿನ್ ಶುರುವಾಯಿತು. ಮುಳ್ಳು ಮೈಮುರಿದು ಎದ್ದಿತು! ಹಾರ್ನಪ್ಪನಿಗೆ ಕಣ್ಣಲ್ಲಿ ನೀರೇ ಬಂತು. ಖುಷಿಗೆ ಆಕ್ಸಿಲರೇಟರ್ ಒತ್ತಿದ. ಮೂವತ್ತು, ಐವತ್ತು, ಎಂಬತ್ತು.

ಆಗ ಕಿಟಕಿಯ ಹೊರಗೆ ನೋಡಿದ. ಟೈಲರ್ ಅಂಗಡಿ ಎಲ್ಲಿತ್ತೋ ಅಲ್ಲೇ ಇತ್ತು.

"ಅಯ್ಯೋ, ಗಾಡಿ ನಿಂತಿದೆಯಲ್ರೀ! ನಿಂತಲ್ಲೇ ಎಂಬತ್ತಾ?"

"ಸೊನ್ನೆಗಿಂತ ವಾಸಿ ತಾನೆ?" ಎಂದ ಟೀವಿಯವನು ಮುಖ ಸಣ್ಣದು ಮಾಡಿಕೊಂಡು.

"ಇನ್ಸ್‌ಪೆಕ್ಟರ್ ಎದುರಿಗೆ ಗಾಡಿ ನಿಲ್ಲಿಸ್ಲೇಬೇಡಿ," ಎಂದ ಟೈಲರ್. "ಓಡಿಸ್ತಾನೇ ಮಾತಾಡಿ."

ಹಾರ್ನಪ್ಪ ತಲೆಯ ಮೇಲೆ ಕೈಹೊತ್ತು ಫುಟ್‌ಬೋರ್ಡಿನ ಮೇಲೆ ಕುಸಿದ. ಅವನನ್ನು ನೋಡಿ ಟೀವಿಯವನಿಗೂ ಕರುಣೆ ಬಂತು. ಈ ಸಲ ಸೆನ್ಸರಿನ ವೈರುಗಳನ್ನು ಒಂದೊಂದಾಗಿ ಪರೀಕ್ಷಿಸಿ ಮೀಟರಿಗೇ ಜೋಡಿಸಿದ. ಮುಳ್ಳು ಎದ್ದಿತು, ನಿಂತಾಗ ಬಿದ್ದಿತು. ಎಲ್ಲ ಸರಿ. ಆದರೆ ಟೈಲರ್ ಅಂಗಡಿ ದಾಟುವಷ್ಟರಲ್ಲೇ ಎಪ್ಪತ್ತು ತೋರಿಸಿತು.

"ಗೊತ್ತಾಯ್ತು," ಎಂದ ಟೀವಿಯವನು. "ಹೊಸ ಗೇರ್‌ಬಾಕ್ಸಲ್ಲಿ ಹಲ್ಲು ಜಾಸ್ತಿ. ಲೆಕ್ಕ ತಪ್ಪುತ್ತೆ. ಮಧ್ಯ ಒಂದು ಡಬ್ಬಿ ಹಾಕ್ತೀನಿ, ಅದರ ಸ್ಕ್ರೂ ತಿರುಗಿಸಿ ಹೊಂದಿಸ್ಬೇಕು. ಆದ್ರೆ ಗಾಡಿ ನಿಜವಾಗ್ಲೂ ಎಷ್ಟರಲ್ಲಿ ಹೋಗ್ತಿದೆ ಅಂತ ಯಾರಾದ್ರೂ ಹೇಳ್ಬೇಕಲ್ಲ."

ಟೈಲರ್ ತನ್ನ ಮೊಬೈಲಿನಲ್ಲಿ ನೋಡಿ ಹೇಳುತ್ತೇನೆಂದ. ಅದು ಲಾರಿ ಕೆರೆಯ ನಡುವೆ ನಿಂತಿದೆ ಎಂದು ತೋರಿಸಿದ್ದರಿಂದ ಆ ಮಾತು ಅಲ್ಲಿಗೇ ಮುಳುಗಿತು.

ಅಷ್ಟರಲ್ಲಿ ಹಾರ್ನಪ್ಪನ ಹೆಂಡತಿ ಕೆಲಸದಿಂದ ಸ್ಕೂಟರಿನಲ್ಲಿ ಬಂದಿಳಿದಳು. ವಿಷಯ ಕೇಳಿದವಳೇ, "ಅಯ್ಯೋ, ಇಷ್ಟೇನಾ? ನನ್ನ ಸ್ಕೂಟರಲ್ಲಿ ಮೀಟರ್ ಇಲ್ವಾ? ಪಕ್ಕದಲ್ಲಿ ಬರ್ತೀನಿ, ಕೂಗಿ ಹೇಳ್ತೀನಿ" ಎಂದಳು.

ಎಲ್ಲರೂ ಭಲೇ ಎಂದರು. ಬೆಳಗಿನಿಂದ ಬಾಯಿ ಮುಚ್ಚದಿದ್ದ ಭಾಮೈದ ಮಾತ್ರ, ಕಾಲಲ್ಲಿ ಚಪ್ಪಲಿ ಇದ್ದರೂ, ಲೇಸು ಕಟ್ಟುವವನಂತೆ ಬಗ್ಗಿದ.

ಮೆರವಣಿಗೆ ಹೊರಟಿತು. ಲಾರಿಯಲ್ಲಿ ಹಾರ್ನಪ್ಪ, ಅವನ ಕಾಲ ಬುಡದಲ್ಲಿ ಸ್ಕ್ರೂಡ್ರೈವರ್ ಹಿಡಿದ ಟೀವಿಯವನು, ಪಕ್ಕದಲ್ಲಿ ಸೆರಗು ಸಿಕ್ಕಿಸಿಕೊಂಡು ಸ್ಕೂಟರ್ ಮೇಲೆ ಹೆಂಡತಿ.

"ಇಪ್ಪತ್ತೂ!" ಎಂದು ಅವಳು ಕೂಗಿದಳು. "ರೀ, ಮೂವತ್ತೂ! ಕೇಳಿಸ್ತಾ? ನಲವತ್ತೂ!"

ಬಸ್‌ಸ್ಟಾಪಿನಲ್ಲಿ ನಿಂತಿದ್ದ ಅಜ್ಜನೊಬ್ಬ ಕೋಲೆತ್ತಿ ಗದರಿದ. "ಏನಯ್ಯಾ, ಹೆಂಗಸು ಅಷ್ಟು ಕೇಳ್ಕೊಂಡು ಹಿಂದೆ ಬರ್ತಿದ್ದಾಳೆ, ಇಪ್ಪತ್ತು ರೂಪಾಯಿ ಅಂದಾಗ್ಲೇ ಕೊಟ್ಟು ಕಳಿಸ್ಬಾರ್ದಾ?"

ಮೂರನೇ ಸುತ್ತಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅವಳದು ನಲವತ್ತು ಎಂದರೆ ಇವನದೂ ನಲವತ್ತು. ಮದುವೆಯಾದಾಗಿನಿಂದ ಗಂಡ ಹೆಂಡತಿಗೆ ಇಷ್ಟು ಹೊಂದಾಣಿಕೆ ಆಗಿದ್ದೇ ಇಲ್ಲ.

ಎಲ್ಲರೂ ಸೇರಿಯೇ ತಪಾಸಣೆಗೆ ಹೋದರು. ಬ್ರೇಕ್ ಇನ್ಸ್‌ಪೆಕ್ಟರ್ ಮೇಡಂ ಮಾತು ಕಡಿಮೆಯವರು. ದೀಪ ನೋಡಿದರು, ಬ್ರೇಕ್ ನೋಡಿದರು, ಹೊಸ ಗೇರ್‌ಬಾಕ್ಸಿಗೂ ತಲೆದೂಗಿದರು. "ನಲವತ್ತರಲ್ಲಿ ಹೋಗಿ, ನಾನು ಹಿಂದೆ ಬರ್ತೀನಿ" ಎಂದು ಜೀಪು ಹತ್ತಿದರು.

ಹಾರ್ನಪ್ಪ ಮುಳ್ಳನ್ನು ನಲವತ್ತಕ್ಕೆ ಮೊಳೆ ಹೊಡೆದ ಹಾಗೆ ನಿಲ್ಲಿಸಿ, ಎದೆಯುಬ್ಬಿಸಿ ಓಡಿಸಿದ. ತಿರುಗಿ ಬಂದಾಗ ಮೇಡಂ ಮುಖ ಗಂಟಿಕ್ಕಿತ್ತು.

"ನಲವತ್ತರಲ್ಲಿ ಹೋಗಿ ಅಂದೆ."

"ನಲವತ್ತರಲ್ಲೇ ಹೋದೆ ಮೇಡಂ!"

"ನನ್ನ ಜೀಪಲ್ಲಿ ಇಪ್ಪತ್ತು ತೋರಿಸ್ತಿತ್ತು. ಬ್ರೆಡ್ ಮಾರೋರೊಬ್ರು ಸೈಕಲ್ಲಲ್ಲಿ ನಮ್ಮಿಬ್ರನ್ನೂ ದಾಟಿ ಹೋದ್ರು. ಮೀಟರ್ ಯಾವುದನ್ನ ನೋಡಿ ಹೊಂದಿಸಿದ್ರಿ?"

ಹಾರ್ನಪ್ಪ ಸ್ಕೂಟರಿನ ಕಡೆ ಬೆರಳು ತೋರಿಸಿದ. ಹೆಂಡತಿ ಕೆಂಡವಾದಳು. "ನನ್ನ ಮೀಟರ್‌ಗೇನಾಗಿದೆ? ದಿನಾ ಅರವತ್ತರಲ್ಲಿ ಹೋಗ್ತೀನಿ ನಾನು!"

"ಅಕ್ಕಾ," ಎಂದು ಲಾರಿಯ ಹಿಂದಿನಿಂದ ಸಣ್ಣ ದನಿ ಬಂತು. ಭಾಮೈದನ ಅರ್ಧ ಮುಖ ಮಾತ್ರ ಕಾಣುತ್ತಿತ್ತು. "ನೀನು ಅರವತ್ತರಲ್ಲಿ ಹೋಗಲ್ಲ, ಮೂವತ್ತರಲ್ಲಿ ಹೋಗ್ತೀಯ. ನೀನು ಗಾಳಿ ಥರ ಓಡಿಸ್ತೀಯ ಅಂತ ಅಮ್ಮ ದಿನಾ ಅಳ್ತಿದ್ಲು. ಸರ್ವೀಸಿಗೆ ಕೊಟ್ಟಾಗ ಒಂದಕ್ಕೆರಡು ತೋರಿಸೋ ಹಾಗೆ ನಾನೇ ಮಾಡಿಸಿಬಿಟ್ಟೆ."

ಮೇಡಂ ತುಟಿ ಕಚ್ಚಿ ನಗು ತಡೆದುಕೊಂಡು, "ನಾನು ಬಾಗಿಲು ಹಾಕೋದ್ರೊಳಗೆ ಸರಿಮಾಡ್ಕೊಂಡು ಬನ್ನಿ" ಎಂದು ಒಳಗೆ ಹೋದರು.

ಇನ್ನೂ ಸಮಯವಿದೆ! ಹಾರ್ನಪ್ಪ ಒಂದೇ ನೆಗೆತಕ್ಕೆ ಲಾರಿ ಹತ್ತಿದ. ಆದರೆ ಹೆಂಡತಿ ಸ್ಕೂಟರನ್ನು ಲಾರಿಯ ಮೂತಿಗೆ ಅಡ್ಡ ತಂದು ನಿಲ್ಲಿಸಿ, ಟೀವಿಯವನ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡಾಗಿತ್ತು.

"ನಿಮ್ಮದು ಆಮೇಲೆ. ಮೊದ್ಲು ನನ್ನ ಮೀಟರ್ ಸರಿಹೋಗ್ಬೇಕು. ಪಕ್ಕದಲ್ಲಿ ಲಾರಿ ಓಡಿಸ್ಕೊಂಡು ಬನ್ನಿ ರೀ, ನಿಮ್ಮದರಲ್ಲಿ ಎಷ್ಟು ತೋರಿಸ್ತಿದೆ ಅಂತ ಕೂಗಿ ಹೇಳಿ. ನಾನು ಹೊಂದಿಸ್ಕೋತೀನಿ!"